ಸೆರಗು ಕಾಣಬೇಕು: ಮುಂಬೈಯಲ್ಲಿ ಇಳಕಲ್ ಸೀರೆಯ ಫೋಟೊ ಶೂಟ್

ಇಳಕಲ್ ಸೀರೆಯ ಬಹುಪಾಲು ಫೋಟೊಗಳಲ್ಲಿ ಮುಖ ಚೆನ್ನಾಗಿ ಬಂದಿರುತ್ತದೆ, ಹಿಂದಿನ ಕಲ್ಲಿನ ಕಟ್ಟಡವೂ ಚೆನ್ನಾಗಿ ಬಂದಿರುತ್ತದೆ, ಸೆರಗು ಮಾತ್ರ ಬೆನ್ನ ಹಿಂದೆ ಇಳಿಬಿದ್ದು ಕಾಣೆಯಾಗಿರುತ್ತದೆ. ಆ ಸೀರೆಯ ಜೀವ ಇರುವುದೇ ಸೆರಗಿನಲ್ಲಿ. ಒಡಲಿನ ಹತ್ತಿಯ ಹಾಸಿನೆಳೆಗಳಿಗೆ (ಉದ್ದಕ್ಕೆ ಹೋಗುವ ಎಳೆಗಳಿಗೆ) ಸೆರಗಿನ ರೇಷ್ಮೆ ಎಳೆಗಳನ್ನು ಕೊಂಡಿ ಹಾಕಿ ಜೋಡಿಸಿ ನೇಯುವುದು ಇಳಕಲ್ಲಿನ ನೇಕಾರರ ಕೈಚಳಕ. ಕೆಂಪು ನೆಲದ ಮೇಲೆ ಬಿಳಿ ಗೋಪುರಗಳು ಸಾಲಾಗಿ ನಿಂತಂತೆ ಕಾಣುವ ಟೋಪ್ ತೆನಿ ಸೆರಗು ಅದರ ಗುರುತು. ಮುಂಬೈಯ ಮರಾಠಿ ನೆರೆಹೊರೆಯವರು ಇದನ್ನೇ ಇರಕಲ್ ಎಂದು ಕರೆದು ಅಷ್ಟೇ ಅಕ್ಕರೆಯಿಂದ ಉಡುತ್ತಾರೆ. ಮಾಟುಂಗಾ ಇರಲಿ, ಡೊಂಬಿವಲಿ ಇರಲಿ, ಉತ್ತರ ಕರ್ನಾಟಕದಿಂದ ಬಂದವರ ಮನೆಯ ಟ್ರಂಕಿನಲ್ಲಿ ಅಜ್ಜಿಯ ಇಳಕಲ್ ಇದ್ದರೆ ಶೂಟಿಗೆ ಅದಕ್ಕಿಂತ ಒಳ್ಳೆಯ ಬಟ್ಟೆ ಬೇಡ.

ತಯಾರಿ ಹಿಂದಿನ ದಿನವೇ ಆಗಬೇಕು. ಒಡಲು ಹತ್ತಿ, ಆದ್ದರಿಂದ ಬಿಸಿ ಇಸ್ತ್ರಿ ತಡೆದುಕೊಳ್ಳುತ್ತದೆ. ಅಂಚು, ಸೆರಗು ಆರ್ಟ್ ಸಿಲ್ಕ್ (ಕೃತಕ ರೇಷ್ಮೆ) ಆಗಿದ್ದರೆ ಇಸ್ತ್ರಿಯ ಬಿಸಿ ತಗ್ಗಿಸಿ, ಸೀರೆ ಮಗುಚಿ, ಮೇಲೊಂದು ತೆಳು ಮಲ್‌ಮಲ್ ಬಟ್ಟೆ ಹಾಸಿ ಒತ್ತಬೇಕು. ಹಾಗೆ ಮಾಡದಿದ್ದರೆ ಹೊಳಪಿನ ಕಲೆ ಬೀಳುತ್ತದೆ. ಬರಿಗಣ್ಣಿಗೆ ಅಷ್ಟಾಗಿ ಕಾಣದಿದ್ದರೂ ಫ್ಲಾಶ್ ಬಿದ್ದಾಗ ಬೆಳ್ಳಗೆ ಎದ್ದು ಕಾಣುತ್ತದೆ. ಒಗೆದ ಸೀರೆಯಲ್ಲಿ ಇನ್ನೊಂದು ತೊಂದರೆ: ಹತ್ತಿ ಒಂದು ಅಳತೆಗೆ ಕುಗ್ಗುತ್ತದೆ, ಅಂಚು ಇನ್ನೊಂದು ಅಳತೆಗೆ, ಹಾಗಾಗಿ ಅಂಚಿನುದ್ದಕ್ಕೂ ಸುಕ್ಕು. ಸ್ಟೀಮ್ ಕೊಟ್ಟು, ಇನ್ನೂ ತೇವವಿರುವಾಗಲೇ ಇಬ್ಬರು ಎರಡು ತುದಿ ಹಿಡಿದು ಮೆಲ್ಲಗೆ ಎಳೆದರೆ ಸರಿಹೋಗುತ್ತದೆ. ಟ್ರಂಕಿನಿಂದ ತೆಗೆದ ಹಳೆಯ ಸೀರೆಯ ಮಡಿಕೆಗೆ ಮಾತ್ರ ಇಸ್ತ್ರಿ ಒತ್ತಲೇಬೇಡಿ. ರೇಷ್ಮೆ ಸೀಳುವುದೇ ಮಡಿಕೆಯಲ್ಲಿ. ರಾತ್ರಿಯಿಡೀ ದಪ್ಪ ಕೋಲಿನ ಮೇಲೆ ಹರಡಿ ಬಿಡಿ. ಉಳಿದ ಗೆರೆ ಉಳಿಯಲಿ.

ಇನ್ನು ಉಡಿಸುವುದು. ಚಪ್ಪಲಿ ಹಾಕಿಸಿದ ಮೇಲೆಯೇ ಸೀರೆ ಸುತ್ತಲು ಶುರುಮಾಡಿ, ಇಲ್ಲವಾದರೆ ಹಿಮ್ಮಡಿ ಕಾಣಿಸಿಕೊಳ್ಳುತ್ತದೆ. ಗಂಜಿ ಹಾಕಿದ ಹತ್ತಿ ಸೊಂಟದಲ್ಲಿ ಉಬ್ಬುವುದರಿಂದ ಕಡಿಮೆ ಘೇರಿನ ಲಂಗ ಒಳ್ಳೆಯದು. ಸೆರಗು ಮುಂದಕ್ಕೆ ತರಬೇಕಾದರೆ ಅದು ಮಾಮೂಲಿಗಿಂತ ಉದ್ದವಿರಬೇಕು. ಲೆಕ್ಕ ಸುಲಭ: 5 ಇಂಚು ಅಗಲದ ಒಂದು ನೆರಿಗೆ 10 ಇಂಚು ಬಟ್ಟೆ ನುಂಗುತ್ತದೆ. ಏಳು ನೆರಿಗೆಯ ಬದಲು ಐದು ಹಿಡಿದರೆ 20 ಇಂಚು ಸೆರಗಿಗೆ ಸಿಗುತ್ತದೆ, ಮೊಣಕಾಲಿನಷ್ಟಕ್ಕೆ ನಿಲ್ಲುತ್ತಿದ್ದ ತುದಿ ಮೀನಖಂಡ ದಾಟುತ್ತದೆ. ಆಗ ಅದನ್ನು ಬೆನ್ನಿನಿಂದ ಬಳಸಿ ಬಲ ಸೊಂಟದ ಹತ್ತಿರ ಕೈಯಲ್ಲಿ ಹಿಡಿಸಬಹುದು, ಅಥವಾ ಎಡ ಮುಂಗೈ ಮೇಲೆ ಬಿಡಿಸಿ ಹರಡಬಹುದು. ಊರಿನ ರೀತಿಯಲ್ಲಿ ತಲೆ ಮೇಲೆ ಹೊದ್ದರೆ ಬಿಳಿ ಗೋಪುರಗಳು ಮುಖದ ಪಕ್ಕಕ್ಕೇ ಬರುತ್ತವೆ. ಮೂರರಲ್ಲಿ ಅತಿ ಚೆಂದದ್ದು ಇದೇ ಎಂದು ನಮ್ಮ ಎಣಿಕೆ. ಸೇಫ್ಟಿ ಪಿನ್ನಿಗೆ ಮೊದಲು ಒಂದು ಸಣ್ಣ ಮಣಿ ಪೋಣಿಸಿ. ಮಣಿ ಇದ್ದರೆ ಬಟ್ಟೆ ಪಿನ್ನಿನ ಸುರುಳಿಯೊಳಗೆ ಸಿಕ್ಕಿ ಹರಿಯುವುದಿಲ್ಲ.

ಕುಪ್ಪಸಕ್ಕೆ ಗುಳೇದಗುಡ್ಡದ ಖಣಕ್ಕಿಂತ ಬೇರೆ ಬೇಕಿಲ್ಲ. ಹಾಸು ಒಂದು ಬಣ್ಣ, ಹೊಕ್ಕು (ಅಡ್ಡ ಎಳೆ) ಇನ್ನೊಂದು ಬಣ್ಣ ಇರುವ ಖಣವಾದರೆ ಟೈಲರಿಗೆ ಮೊದಲೇ ಹೇಳಿಡಿ: ಎರಡೂ ತೋಳು ಒಂದೇ ದಿಕ್ಕಿನಲ್ಲಿ ಕತ್ತರಿಸಬೇಕು. ಬಟ್ಟೆ ಉಳಿಸಲು ಒಂದನ್ನು ಅಡ್ಡ ಕತ್ತರಿಸಿದರೆ ಫೋಟೊದಲ್ಲಿ ಎರಡು ತೋಳು ಎರಡು ಬಣ್ಣವಾಗಿ ಕಾಣುತ್ತವೆ, ಎಡಿಟ್ ಮಾಡಿ ಸರಿಪಡಿಸಲು ಬರುವುದಿಲ್ಲ. ಮುಂಬೈಯ ಸೆಖೆಗೆ ಕಂಕುಳಲ್ಲಿ ಬೆವರು ಹೀರುವ ಪ್ಯಾಡ್ ಹೊಲಿಸುವುದು ಕಡ್ಡಾಯ. ಮುಡಿಗೆ ಮಲ್ಲಿಗೆಯನ್ನು ಮಾಟುಂಗಾ ಮಾರ್ಕೆಟ್ಟಿನಲ್ಲಿ ಅಂದು ಬೆಳಿಗ್ಗೆಯೇ ಕೊಳ್ಳಿ, ಇನ್ನೂ ಬಿರಿಯದ ಮೊಗ್ಗಿನ ದಂಡೆ ಆರಿಸಿ. ಒಡವೆ ಕಡಿಮೆ ಇದ್ದಷ್ಟೂ ಒಳ್ಳೆಯದು. ಉದ್ದ ಸರ ಹಾಕಿದರೆ ಸೆರಗಿನ ವಿನ್ಯಾಸ ಅದರಡಿ ಮುಚ್ಚಿಹೋಗುತ್ತದೆ.

ಜಾಗವನ್ನು ಬೆಳಕು ನೋಡಿ ಆರಿಸಬೇಕು. ಮೇ ಮಧ್ಯದಲ್ಲಿ ಮುಂಬೈಯ ನಡುಹಗಲ ಸೂರ್ಯ ನೆತ್ತಿಯ ನೇರಕ್ಕೇ ಬಂದು ಕಣ್ಣುಗುಳಿಗೆ ಕಪ್ಪು ನೆರಳು ಬೀಳಿಸುತ್ತಾನೆ. ಡಿಸೆಂಬರ್, ಜನವರಿಯ ಮುಂಜಾನೆ ಏಳೂವರೆಯಿಂದ ಒಂಬತ್ತು ಅತ್ಯುತ್ತಮ. ಮರೀನ್ ಡ್ರೈವಿನಲ್ಲಿ ಅನೇಕರು ಸಂಜೆ ಹೋಗಿ ಎಡವುತ್ತಾರೆ. ಅಲ್ಲಿ ಕಡಲು ಪಶ್ಚಿಮಕ್ಕಿದೆ, ಸಂಜೆ ಕಡಲನ್ನು ಹಿನ್ನೆಲೆಗೆ ಇಟ್ಟರೆ ಬೆಳಕು ಬೆನ್ನ ಹಿಂದಿನಿಂದ ಬಂದು ಸೀರೆ ಕಪ್ಪಾಗುತ್ತದೆ. ಬೆಳಿಗ್ಗೆ ಸೂರ್ಯ ಕಟ್ಟಡಗಳ ಮೇಲೆ ಏರಿದ ಮೇಲೆ ಅದೇ ಜಾಗದಲ್ಲಿ ಮುಖಕ್ಕೂ ಸೀರೆಗೂ ನೇರ ಬೆಳಕು. ಬಿಸಿಲು ಏರಿದ ಮೇಲೂ ಕೆಲಸ ಮಾಡಬೇಕಾದರೆ ಹಾರ್ನಿಮನ್ ಸರ್ಕಲ್ಲಿನ ಕಮಾನು ಸಾಲಿಗೆ ಬನ್ನಿ: ಮೇಲೆ ಚಾವಣಿ, ಒಂದೇ ಬದಿಯಿಂದ ಬೆಳಕು, ದೊಡ್ಡ ಕಿಟಕಿಯ ಪಕ್ಕ ನಿಂತಂತೆ. ಬಲ್ಲಾರ್ಡ್ ಎಸ್ಟೇಟಿನಲ್ಲಿ ವಾಸ್ತುಶಿಲ್ಪಿ ಜಾರ್ಜ್ ವಿಟೆಟ್ ಕಾಲದ ಕಲ್ಲಿನ ಗೋಡೆಗಳ ಮಾಸಲು ಹಳದಿಗೆ ದಾಳಿಂಬೆ ಕೆಂಪು, ಗಿಳಿಹಸಿರು ಎರಡೂ ಒಪ್ಪುತ್ತವೆ. ಭಾನುವಾರ ಆಫೀಸುಗಳಿಗೆ ರಜೆ, ರಸ್ತೆ ಖಾಲಿ. ಹತ್ತಿರದ ನೌಕಾಪಡೆಯ ಗೇಟು, ಗೋಡೆ ಫ್ರೇಮಿನೊಳಗೆ ಬರದಂತೆ ನೋಡಿಕೊಳ್ಳಿ. ಟ್ರೈಪಾಡ್, ಲೈಟ್ ಸ್ಟ್ಯಾಂಡ್ ಹೂಡುವುದಾದರೆ ಅನುಮತಿ ಮೊದಲೇ ಪಡೆದಿರಬೇಕು.

ಎ.ಸಿ. ಕಾರಿನಿಂದ ಇಳಿದ ಕೂಡಲೇ ಕ್ಯಾಮೆರಾ ಹೊರಗೆ ತೆಗೆದರೆ ಲೆನ್ಸಿಗೆ ಮಂಜು ಕವಿಯುತ್ತದೆ. ಬ್ಯಾಗ್ ಮುಚ್ಚಿದಂತೆಯೇ ಅರ್ಧ ಗಂಟೆ ಹೊರಗಿಟ್ಟು ಆಮೇಲೆ ತೆರೆಯಿರಿ.

ಪೂರ್ಣ ಆಳೆತ್ತರದ ಚಿತ್ರಕ್ಕೆ 50 ಮಿ.ಮೀ. ಲೆನ್ಸ್, ಸೊಂಟದಿಂದ ಮೇಲಕ್ಕೆ 85. ಪೂರ್ಣ ಚಿತ್ರ ತೆಗೆಯುವಾಗ ಕ್ಯಾಮೆರಾ ಸೊಂಟದ ಎತ್ತರಕ್ಕೆ ಇಳಿಯಬೇಕು. ನಿಂತು ಕಣ್ಣಳತೆಯಿಂದ ತೆಗೆದರೆ ಕಾಲು ಗಿಡ್ಡವಾಗಿ, ಸೀರೆಯ ಕೆಳ ಅಂಚು ಸೊರಗಿದಂತೆ ಕಾಣುತ್ತದೆ. ಮೊಬೈಲಾದರೆ 2ಎಕ್ಸ್ ಲೆನ್ಸ್ ಬಳಸಿ. ಪೋರ್ಟ್ರೇಟ್ ಮೋಡ್ ಬೇಡ, ಅದು ಸೆರಗಿನ ಗೊಂಡೆಗಳನ್ನು ಹಿನ್ನೆಲೆ ಎಂದು ತಿಳಿದು ಮಸುಕು ಮಾಡಿಬಿಡುತ್ತದೆ.

ಇಳಕಲ್ಲಿನ ಕೆಂಪು ಕ್ಯಾಮೆರಾಕ್ಕೆ ಕಷ್ಟದ ಬಣ್ಣ. ಒಟ್ಟು ಬೆಳಕು ಸರಿಯಿದೆ ಎಂದು ಹಿಸ್ಟೋಗ್ರಾಂ (ಚಿತ್ರದ ಬೆಳಕಿನ ಹಂಚಿಕೆಯ ನಕ್ಷೆ) ತೋರಿಸುತ್ತಿರುವಾಗಲೇ ಕೆಂಪು ಚಾನೆಲ್ ತುಂಬಿ ತುಳುಕಿರುತ್ತದೆ, ನೇಯ್ಗೆ ಅಳಿಸಿ ಸೆರಗು ಬಣ್ಣ ಬಳಿದ ಕಾಗದದಂತಾಗುತ್ತದೆ. ಮೂರು ಬಣ್ಣಗಳ ಹಿಸ್ಟೋಗ್ರಾಂ ತೆರೆದು ಕೆಂಪು ಗೆರೆ ಬಲ ಗೋಡೆ ಮುಟ್ಟದಷ್ಟು ಎಕ್ಸ್‌ಪೋಷರ್ ಇಳಿಸಿ. ಸಾಮಾನ್ಯವಾಗಿ ಮೂರನೇ ಎರಡು ಸ್ಟಾಪ್ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧ) ಸಾಕು. ರಾ ಫೈಲಿನಲ್ಲಿ (ಕ್ಯಾಮೆರಾ ಸಂಸ್ಕರಿಸದ ಕಡತ) ತೆಗೆದು, ಆಮೇಲೆ ಬಣ್ಣ ಸರಿಹೊಂದಿಸಲು ಮೊದಲ ಫ್ರೇಮಿನಲ್ಲಿ ಬೂದು ಬಣ್ಣದ ಗ್ರೇ ಕಾರ್ಡ್ ಹಿಡಿಸಿ. ಒಡಲಿನಲ್ಲಿ ಸಣ್ಣ ಚೌಕಳಿ ಇದ್ದರೆ ಚಿತ್ರದಲ್ಲಿ ಕಾಮನಬಿಲ್ಲಿನಂಥ ಅಲೆ ಮೂಡಬಹುದು. ಸೆನ್ಸರಿನ ಚುಕ್ಕಿಗಳ ಸಾಲಿಗೂ ಬಟ್ಟೆಯ ಎಳೆಗಳ ಸಾಲಿಗೂ ನಡೆಯುವ ತಾಕಲಾಟ ಅದು. ಎರಡು ಹೆಜ್ಜೆ ಮುಂದೋ ಹಿಂದೋ ಸರಿದರೆ ಹೋಗುತ್ತದೆ. ತೆಗೆದ ಚಿತ್ರವನ್ನು ಸ್ಥಳದಲ್ಲೇ ಪೂರ್ತಿ ಜೂಮ್ ಮಾಡಿ ನೋಡಿ.

ಸೆರಗು ಹಾರಿಸುವುದಾದರೆ ಗಾಳಿ ಮುಖದ ಬಲಭಾಗದಿಂದ ಬರುವಂತೆ ನಿಲ್ಲಿಸಿ. ಎಡ ಹೆಗಲಿನ ಸೆರಗು ಹಿಂದಕ್ಕೆ ಬಿಚ್ಚಿಕೊಳ್ಳುತ್ತದೆ, ನೆರಿಗೆ ಕಾಲಿಗೆ ಅಂಟಿ ಅಚ್ಚುಕಟ್ಟಾಗಿ ಇರುತ್ತದೆ. ಶಟರ್ 1/1000 ಸೆಕೆಂಡಿಗೆ ಇಟ್ಟರೆ ಒಂದೊಂದು ಗೊಂಡೆಯೂ ಬಿಡಿಯಾಗಿ ನಿಲ್ಲುತ್ತದೆ.

ಕೊನೆಗೆ ಒಂದು ಹತ್ತಿರದ ಚಿತ್ರ ತೆಗೆಯದೆ ಸೀರೆ ಬಿಚ್ಚಿಸಬೇಡಿ: ಒಡಲು ಮುಗಿದು ಸೆರಗು ಶುರುವಾಗುವ ಗೆರೆ. ಸೆರಗನ್ನು ಮುಂಗೈ ಮೇಲೆ ಬಿಗಿಯಾಗಿ ಹಾಸಿ, ಬೆಳಕು ಬಟ್ಟೆಯ ಮೈ ಸವರಿಕೊಂಡು ಪಕ್ಕದಿಂದ ಬರುವಂತೆ ತಿರುಗಿಸಿ. ಎದುರು ಬೆಳಕಿನಲ್ಲಿ ಸಪಾಟಾಗಿದ್ದ ಗೆರೆಯಲ್ಲಿ ಈಗ ಕೊಂಡಿಗಳು ಒಂದೊಂದಾಗಿ ಏಳುತ್ತವೆ, ಆಚೆ ಹತ್ತಿಯ ಮಂಕು, ಈಚೆ ರೇಷ್ಮೆಯ ಮಿಂಚು. ಬೆಳಕಿನ ಎದುರು ಬದಿಗೆ ಬಿಳಿ ಥರ್ಮೊಕೋಲ್ ಇಡಬೇಡಿ, ಕಪ್ಪು ಕಾಗದ ಇಡಿ. ನೆರಳು ಗಟ್ಟಿಯಾಗಿ ಎಳೆ ಇನ್ನೂ ಸ್ಪಷ್ಟವಾಗುತ್ತದೆ. ಕ್ಯಾಮೆರಾ ಬಟ್ಟೆಗೆ ಸಮಾನಾಂತರವಾಗಿರಲಿ, ಅಪರ್ಚರ್ ಎಫ್/8.

ಮನೆಗೆ ಬಂದ ಮೇಲೆ ಪಿನ್ನು ಎಣಿಸಿ ತೆಗೆದು, ಬೆವರು ಆರುವವರೆಗೆ ನೆರಳಿನಲ್ಲಿ ಹರವಿ, ಹಳೆಯ ಮಡಿಕೆ ತಪ್ಪಿಸಿ ಹೊಸ ಜಾಗದಲ್ಲಿ ಮಡಚಿ. ಪ್ಲಾಸ್ಟಿಕ್ ಕವರಿನಲ್ಲಿ ಇಡಬೇಡಿ, ಇಲ್ಲಿನ ತೇವಕ್ಕೆ ಬೂಷ್ಟು ಹಿಡಿಯುತ್ತದೆ. ಹಳೆಯ ಹತ್ತಿ ಪಂಚೆಯಲ್ಲಿ ಸುತ್ತಿಡಿ.