ಮುಚ್ಚಿದ ರೈಸ್ ಮಿಲ್ಲಿನಲ್ಲಿ ಮತ್ತೆ ದುಡ್ಡು ಹುಟ್ಟಿಸಿದ್ದು ಹೇಗೆ

ಹರಿಹರದಿಂದ ದಾವಣಗೆರೆಗೆ ಹೋಗುವ ಹಳೇ ಪಿ.ಬಿ. ರೋಡಿನ ಪಕ್ಕ ನಮ್ಮಪ್ಪನ ರೈಸ್ ಮಿಲ್ ಇತ್ತು. ಕಪ್ಪು ಕಾಳು, ಕಲ್ಲು ಆರಿಸಿ ತೆಗೆಯುವ ಸಾರ್ಟೆಕ್ಸ್ ಮೆಷಿನ್ ಇಟ್ಟ ದೊಡ್ಡ ಮಿಲ್ಲುಗಳು ಬಂದ ಮೇಲೆ ನಮ್ಮ ಅಕ್ಕಿಯನ್ನು ಕೇಳುವವರೇ ಇಲ್ಲವಾದರು. ಮಿಲ್ ನಿಂತಿತು. ಅಪ್ಪ ತೀರಿಕೊಂಡ ಮೇಲೆ ಬೀಗದ ಕೈ ನನ್ನ ಪಾಲಿಗೆ ಬಂತು. 60 ಅಡಿ ಅಗಲ, 100 ಅಡಿ ಉದ್ದದ ಶೆಡ್ಡು, ಮುಂದೆ ಭತ್ತ ಒಣಗಿಸುವ ದೊಡ್ಡ ಸಿಮೆಂಟ್ ಕಣ, ಒಂದು ಚಿಮಣಿ, ಮತ್ತೆ ಲೆಕ್ಕವಿಲ್ಲದಷ್ಟು ಇಲಿ.

ಖಾಲಿ ಕಟ್ಟಡ ಇದೆ ಅಂದರೆ ಸಲಹೆಗೇನೂ ಬರವಿಲ್ಲ. ಚಿಕ್ಕಪ್ಪ ಕಲ್ಯಾಣ ಮಂಟಪ ಮಾಡು ಅಂದರು. ತಂಗಿಯ ಮಗ ಶಟಲ್ ಕೋರ್ಟ್ ಅಂದ. ನಾನು ಮೊದಲು ಟೇಪ್ ಹಿಡಿದೆ. ನೀವೂ ಅದನ್ನೇ ಮಾಡಿ. ಶಟಲ್ ಕೋರ್ಟಿಗೆ 44 ಅಡಿ ಉದ್ದ, 20 ಅಡಿ ಅಗಲ ಸಾಕು, ಹಾಗೆ ನೋಡಿದರೆ ನಮ್ಮಲ್ಲಿ ನಾಲ್ಕು ಕೋರ್ಟ್ ಹಾಕಬಹುದಿತ್ತು. ಆದರೆ ಆಟಕ್ಕೆ ಮೇಲೆ 25–30 ಅಡಿಯಾದರೂ ಬಿಡುವು ಬೇಕು. ನಮ್ಮ ಗೋಡೆ 16 ಅಡಿ, ನಡುವೆ ಕಬ್ಬಿಣದ ಟ್ರಸ್ ಬೇರೆ. ಅಲ್ಲಿಗೆ ಆ ಮಾತು ಮುಗಿಯಿತು. ಮಂಟಪಕ್ಕೆ ಕಾರು ನಿಲ್ಲಿಸಲು ಕಣವನ್ನೇ ಬಿಟ್ಟುಕೊಡಬೇಕಿತ್ತು, ಅಡುಗೆಮನೆ, ಶೌಚಾಲಯ, ಬೆಂಕಿ ಸುರಕ್ಷತೆ ಅಂತ ಲಕ್ಷಗಟ್ಟಲೆ ಸುರಿಯಬೇಕಿತ್ತು. ನನ್ನ ಹತ್ತಿರ ಅಷ್ಟು ದುಡ್ಡಿರಲಿಲ್ಲ, ಇದ್ದಿದ್ದರೂ ಹಾಕುತ್ತಿರಲಿಲ್ಲ.

ಟೇಪ್ ಹಿಡಿದಾಗ ಉದ್ದ ಅಗಲ ಮಾತ್ರ ಬರೆದುಕೊಳ್ಳಬೇಡಿ. ಬಾಗಿಲು ಎಷ್ಟು ಎತ್ತರ? ಲೋಡ್ ತುಂಬಿದ ಲಾರಿ ಒಳಗೆ ಬಂದು ತಿರುಗಿ ಹೋಗುತ್ತದಾ? ನೆಲ ರಸ್ತೆಗಿಂತ ಮೇಲಿದೆಯಾ? ಜೋರು ಮಳೆ ಬಂದ ದಿನ ಒಳಗೆ ನಿಂತು ಶೀಟು ಎಲ್ಲೆಲ್ಲಿ ಸೋರುತ್ತದೆ ಅಂತ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ. ರೈಸ್ ಮಿಲ್ ಆದರೆ ಭತ್ತ ಮೇಲೆತ್ತುವ ಎಲಿವೇಟರಿನ ಗುಂಡಿಗಳಿರುತ್ತವೆ, ಆಳುದ್ದಕ್ಕಿಂತ ಜಾಸ್ತಿ ಆಳ. ಮೊದಲ ಖರ್ಚು ಅವನ್ನು ಮುಚ್ಚಿಸುವುದಕ್ಕೆ ಇರಲಿ. ನಮ್ಮ ಗುಂಡಿಯಲ್ಲಿ ಒಂದು ನಾಯಿ ಬಿದ್ದ ಮೇಲೆ ನನಗೆ ಬುದ್ಧಿ ಬಂತು.

ಇನ್ನೊಂದು, ಕರೆಂಟು. ಮಿಲ್ ನಿಂತರೂ ಮಂಜೂರಾದ ಲೋಡಿನ ಮೇಲೆ ತಿಂಗಳು ತಿಂಗಳು ನಿಗದಿತ ಶುಲ್ಕ ಬರುತ್ತಲೇ ಇರುತ್ತದೆ. ಅದಕ್ಕೆ ಬೇಜಾರಾಗಿ ಎಷ್ಟೋ ಜನ ಲೋಡನ್ನೇ ವಾಪಸ್ ಮಾಡಿಬಿಡುತ್ತಾರೆ. ಆರು ತಿಂಗಳು ತಡೆಯಿರಿ. ವೆಲ್ಡಿಂಗ್‌ನವರೋ ಹಿಟ್ಟಿನ ಗಿರಣಿಯವರೋ ಬಂದರೆ ಮೊದಲು ಕೇಳುವುದೇ ತ್ರೀ ಫೇಸ್ ಎಷ್ಟು ಹೆಚ್‌ಪಿ ಇದೆ ಅಂತ. ಆದರೆ ಕೈಗಾರಿಕೆಗೆ ಅಂತ ಪಡೆದ ಮೀಟರಿನಲ್ಲಿ ಅಂಗಡಿ ನಡೆಸುವ ಹಾಗಿಲ್ಲ. ಸಿಕ್ಕಿಬಿದ್ದರೆ 2003ರ ವಿದ್ಯುತ್ ಕಾಯ್ದೆ ಪ್ರಕಾರ ಎರಡು ಪಟ್ಟು ದರ ಕಟ್ಟಬೇಕಾಗುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಏನು ಮಾಡಬಹುದು ಅಂತ ನಾನು ಒಂದು ವರ್ಷ ಕಟ್ಟಡವನ್ನೇ ನೋಡುತ್ತಾ ಕೂತಿದ್ದೆ. ನೋಡಬೇಕಾಗಿದ್ದು ಗೇಟಿನ ಆಚೆಗೆ. ನಮ್ಮ ಕಡೆ ಅಕ್ಟೋಬರ್, ನವೆಂಬರಿನಲ್ಲಿ ಬಂದರೆ ಸರ್ವಿಸ್ ರೋಡಿನ ತುಂಬಾ ಮೆಕ್ಕೆಜೋಳ ಹರವಿರುತ್ತಾರೆ. ಅರ್ಧ ರಸ್ತೆ ವಾಹನಕ್ಕೆ, ಅರ್ಧ ರಸ್ತೆ ಜೋಳಕ್ಕೆ. ತೇವ ಜಾಸ್ತಿ ಇದ್ದರೆ ವ್ಯಾಪಾರಿ ರೇಟು ಇಳಿಸುತ್ತಾನೆ, ಬೆಂಬಲ ಬೆಲೆಗೆ ಕೊಡುವುದಾದರೂ ತೇವ ಶೇ 14 ದಾಟುವ ಹಾಗಿಲ್ಲ. ಹಾಗಾಗಿ ಎಲ್ಲರಿಗೂ ಒಣಗಿಸಲು ಜಾಗ ಬೇಕು. ಒಂದು ಸಂಜೆ ಮೋಡ ಕವಿದಾಗ ಒಬ್ಬ ರೈತ ಗೇಟು ತಟ್ಟಿ, ‘ಅಕ್ಕಾ, ಇವತ್ತೊಂದಿನ ಕಣ ಕೊಡ್ರಿ, ಮಳಿ ಬಂದ್ರೆ ಒಳಗ ಎಳ್ಕೊಂತೀನಿ’ ಅಂದ. ಕಣ, ಪಕ್ಕದಲ್ಲೇ ಸೂರು. ರಸ್ತೆಯಲ್ಲಿ ಅದು ಸಿಗುವುದಿಲ್ಲ ಅಲ್ವಾ? ಮಾರನೇ ದಿನ ಇನ್ನಿಬ್ಬರು ಬಂದರು. ಆ ಸುಗ್ಗಿಯಲ್ಲಿ ಶೆಡ್ಡಿಗಿಂತ ಕಣವೇ ಜಾಸ್ತಿ ದುಡಿಯಿತು. ಒಡೆಸಿ ಸೈಟು ಮಾಡೋಣ ಅಂತ ನಾನೊಮ್ಮೆ ಅಂದುಕೊಂಡಿದ್ದ ಕಣ!

ಒಣಗಿದ ಚೀಲ ಅಲ್ಲೇ ಉಳಿಯತೊಡಗಿತು. ಒಳ್ಳೆಯ ರೇಟು ಬರಲಿ ಅಂತ ಕಾಯುವವರು ಶೆಡ್ಡಿನಲ್ಲಿ ಇಟ್ಟರು. ಚೀಲಕ್ಕೆ ತಿಂಗಳಿಗೆ ಇಷ್ಟು ಅಂತ ಬಾಡಿಗೆ. ಸರಿಯಾಗಿ ನಿಟ್ಟು ಒಟ್ಟಿದರೆ ಒಂದು ಟನ್ನಿಗೆ ಸುಮಾರು 6 ಚದರ ಅಡಿ ಹಿಡಿಯುತ್ತದೆ, ಓಡಾಡುವ ದಾರಿ ಬೇರೆ ಬಿಡಬೇಕು. ಗೋಡೆಯಿಂದ ಎರಡಡಿ ದೂರ, ಕೆಳಗೆ ಮರದ ಹಲಗೆ. ತೇವ ನೋಡದೆ ಒಂದು ಚೀಲವನ್ನೂ ಒಳಗೆ ಬಿಡಬೇಡಿ. ಒಂದು ನಿಟ್ಟು ಕಾವು ಹತ್ತಿ ಬೂಸ್ಟು ಬಂದರೆ ಪಕ್ಕದವನ ಮಾಲೂ ಹಾಳು, ಜಗಳ ಮಾತ್ರ ನಿಮ್ಮ ಹತ್ತಿರ.

ಇಲ್ಲಿ ನಾನು ಮಾಡಿದ ದೊಡ್ಡ ತಪ್ಪು ಹೇಳಿಬಿಡುತ್ತೇನೆ. ಶೆಡ್ಡಿನ ನಡುವೆ ತಗಡಿನ ಗೋಡೆ ನಿಲ್ಲಿಸಿ, ಆಚೆ ಭಾಗವನ್ನು ಪಾರ್ಸಲ್ ಹಂಚುವವರಿಗೆ ಕೊಟ್ಟೆ. ತಗಡು ಸೂರಿನ ತನಕ ಮುಟ್ಟಿರಲಿಲ್ಲ. ಈಚೆ ಕಡೆ ಜೋಳಕ್ಕೆ ಹುಳ ಬಿದ್ದು, ಹುಳ ಸಾಯಿಸುವ ಗುಳಿಗೆ ಇಡಿಸಲು ಹೊರಟಾಗ ಆಚೆ ಅವರ ವಾಚ್‌ಮನ್ ಮಲಗುತ್ತಿದ್ದ. ಆ ಗುಳಿಗೆಯಿಂದ ಬರುವ ಫಾಸ್ಫೀನ್ ಅನಿಲ ಮನುಷ್ಯನನ್ನೂ ಕೊಲ್ಲುತ್ತದೆ. ಔಷಧಿ ಇಡಲು ಬಂದ ಪರವಾನಗಿ ಇರುವ ಹುಡುಗ ಮೇಲೆ ನೋಡಿ, ‘ಮೇಡಂ, ಇದು ಗೋಡೆನಾ?’ ಅಂತ ಕೆಲಸ ನಿಲ್ಲಿಸಿದ. ಅವತ್ತು ಅವನು ಕತ್ತೆತ್ತಿ ನೋಡದೇ ಹೋಗಿದ್ದರೆ! ಕಾಳು ಇಡುವ ಶೆಡ್ಡನ್ನು ಪಾಲು ಮಾಡುವುದಾದರೆ ಇಟ್ಟಿಗೆ ಗೋಡೆ, ಸೂರಿನ ತನಕ. ಅದಕ್ಕೆ ದುಡ್ಡಿಲ್ಲ ಅಂದರೆ ಪಾಲು ಮಾಡಲೇಬೇಡಿ. ನಾನು ಪಾರ್ಸಲ್‌ನವರನ್ನು ಹಳೇ ಆಫೀಸು ಕಟ್ಟಡಕ್ಕೆ ಕಳಿಸಿದೆ. ಗೇಟಿನ ಪಕ್ಕ ಇರುವುದರಿಂದ ಅವರಿಗೂ ಅದೇ ಸಲೀಸು.

ಮಾರ್ಚ್, ಏಪ್ರಿಲ್ ಹೊತ್ತಿಗೆ ಜೋಳ ಖಾಲಿಯಾಗುತ್ತದೆ. ಆಮೇಲೆ? ಇದಕ್ಕೂ ಉತ್ತರ ಗೇಟಿನಿಂದಲೇ ಬಂತು. ಗಣಪತಿ ಮಾಡುವವರು ಜೂನ್ ಹೊತ್ತಿಗೆ ದೊಡ್ಡ ಸೂರು ಹುಡುಕುತ್ತಾರೆ. ಮಳೆಗಾಲದಲ್ಲಿ ಮಣ್ಣು ಒಣಗಬೇಕು, ಬಣ್ಣ ನಿಲ್ಲಬೇಕು. ಅವರು ಬಾಡಿಗೆ ಕೇಳುವ ಮೊದಲು ಕೇಳಿದ್ದು, ‘ಬಾಗ್ಲ ಎಷ್ಟು ಎತ್ರ?’ ಒಳಗೆ ಮಾಡಿದ ಗಣಪ ಹೊರಗೆ ಬರಬೇಕಲ್ಲ! ನಮ್ಮದು 12 ಅಡಿ, ಅಷ್ಟೇ ಸಾಕಾಯಿತು. ಸೋರುವ ಜಾಗಗಳ ಸೀಮೆಸುಣ್ಣದ ಪಟ್ಟಿ ಇಟ್ಟುಕೊಂಡು ಶೀಟು ಬದಲಿಸಿದ್ದು ಆಗಲೇ. ನಡುವಿನ ಎರಡು ತಿಂಗಳು ಶಾಮಿಯಾನದವರ ಕುರ್ಚಿ, ಪಾತ್ರೆ. ಅದರಲ್ಲಿ ದುಡ್ಡು ಕಮ್ಮಿ. ಆದರೂ ಜನ ಓಡಾಡುತ್ತಿದ್ದರೆ ಕಳ್ಳರು ಬರುವುದಿಲ್ಲ.

ವರ್ಷಪೂರ್ತಿ ಒಬ್ಬರಿಗೇ ಕೊಟ್ಟು ಆರಾಮಾಗಿ ಇರಬಾರದಾ ಅಂತ ಕೇಳಬಹುದು. ಅದನ್ನೂ ನೋಡಿದ್ದೇನೆ. ಒಂದು ದೊಡ್ಡ ಕಂಪನಿ ಪೂರ್ತಿ ತೆಗೆದುಕೊಂಡು, ನನ್ನ ಖರ್ಚಿನಲ್ಲಿ ನೆಲ ಮಾಡಿಸಿ, ನಾಲ್ಕೇ ತಿಂಗಳಿಗೆ ಬಿಟ್ಟುಹೋಯಿತು. ಈಗ ಯಾರಾದರೂ ಏನಾದರೂ ಬದಲಾವಣೆ ಬೇಕು ಅಂದರೆ ಆ ಖರ್ಚಿನಷ್ಟು ಅಡ್ವಾನ್ಸ್ ಕೇಳುತ್ತೇನೆ. ಒಂದು ವರ್ಷಕ್ಕಿಂತ ಜಾಸ್ತಿ ಅವಧಿಯ ಕರಾರು ಆದರೆ ನೋಂದಣಿ ಮಾಡಿಸಲೇಬೇಕು, ಬರೀ ಸ್ಟಾಂಪ್ ಪೇಪರ್ ಸಾಲದು.

ಕಾಗದಪತ್ರದ ಕೆಲಸ ಬೇಜಾರಿನದು, ಚುಟುಕಾಗಿ ಹೇಳುತ್ತೇನೆ. ಜಮೀನು ಯಾವ ಉದ್ದೇಶಕ್ಕೆ ಕನ್ವರ್ಷನ್ ಆಗಿದೆ ಅಂತ ಆದೇಶ ತೆಗೆದು ಓದಿ. ಕೈಗಾರಿಕೆಗೆ ಅಂತ ಇದ್ದರೆ ಅಂಗಡಿ, ಮಂಟಪಕ್ಕೆಲ್ಲ ಭೂ ಬಳಕೆ ಬದಲಾವಣೆ ಬೇಕು. ನಮ್ಮ ಕಡೆ ಅದಕ್ಕೆ ದೂಡಾ (ದಾವಣಗೆರೆ-ಹರಿಹರ ನಗರಾಭಿವೃದ್ಧಿ ಪ್ರಾಧಿಕಾರ) ಕಚೇರಿಗೆ ಹೋಗಬೇಕು. ಪಂಚಾಯಿತಿ ವ್ಯಾಪ್ತಿಯಾದರೆ ಇ-ಸ್ವತ್ತಿನ (ಪಂಚಾಯಿತಿ ಆಸ್ತಿಯ ಆನ್‌ಲೈನ್ ದಾಖಲೆ) ಫಾರಂ 9, 11 ಸರಿ ಇದೆಯಾ ನೋಡಿ. ಕೆಐಎಡಿಬಿ (ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ) ಪ್ಲಾಟಾದರೆ ಮಂಡಳಿಯ ಒಪ್ಪಿಗೆ ಇಲ್ಲದೆ ಬಾಡಿಗೆಗೆ ಕೊಡಲು ಹೋಗಬೇಡಿ. ವಿಮೆ ಪಾಲಿಸಿಯನ್ನೂ ತೆರೆದು ನೋಡಿ. ಕಟ್ಟಡ 30 ದಿನಕ್ಕಿಂತ ಜಾಸ್ತಿ ಖಾಲಿ ಬಿದ್ದಿದ್ದರೆ ಬೆಂಕಿ ವಿಮೆ ನಿಲ್ಲುವ ಷರತ್ತು ಅದರಲ್ಲಿರಬಹುದು. ನಮ್ಮದರಲ್ಲಿ ಇತ್ತು. ಎರಡು ವರ್ಷ ಸುಮ್ನೆ ಪ್ರೀಮಿಯಂ ಕಟ್ಟಿದ್ದೆ. ಈಗ ಕಟ್ಟಡದ ವಿಮೆ ನನ್ನದು, ಒಳಗಿನ ಮಾಲಿನದು ಅವರವರದು, ಕರಾರಿನಲ್ಲೇ ಬರೆಸಿದ್ದೇನೆ.

ಗಣಪತಿಯವರ ಕರಾರಿನಲ್ಲಿ ಇನ್ನೊಂದು ಸಾಲು ಸೇರಿಸಿ: ಹಬ್ಬ ಮುಗಿದ ಮೇಲೆ ನೆಲಕ್ಕೆ ಅಂಟಿದ ಮಣ್ಣು, ಬಣ್ಣ ಕೆರೆದು ತೊಳೆದು ಕೊಡಬೇಕು ಅಂತ. ಅದಕ್ಕೆ ಎರಡು ದಿನ ಬೇಕು, ನೆಲ ಆರಲು ಇನ್ನೊಂದು ವಾರ. ಅಷ್ಟರಲ್ಲಿ ಮೊದಲ ಮೆಕ್ಕೆಜೋಳದ ಟ್ರ್ಯಾಕ್ಟರ್ ಗೇಟಿನ ಮುಂದೆ ನಿಂತಿರುತ್ತದೆ.