ಝರ್ಮಾಟ್ ಸುತ್ತಲಿನ ಶಿಖರಗಳು: ಹಗ್ಗವಿಲ್ಲದೆ ನಡೆದು ಏರಿದ ನನ್ನ ಅನುಭವ

ಸ್ವಿಟ್ಜರ್ಲೆಂಡಿನ ದಕ್ಷಿಣದಲ್ಲಿ, ವಾಲೈ ಪ್ರಾಂತ್ಯದ ಕಣಿವೆಯೊಂದರ ತುತ್ತತುದಿಯಲ್ಲಿ, ಸಮುದ್ರಮಟ್ಟದಿಂದ ಸುಮಾರು 1,600 ಮೀಟರ್ ಎತ್ತರದಲ್ಲಿ ಝರ್ಮಾಟ್ ಎಂಬ ಹಳ್ಳಿಯಿದೆ. ಅಲ್ಲಿಗೆ ಹೋಗುವ ನಮ್ಮವರಲ್ಲಿ ಹೆಚ್ಚಿನವರು ಗೊರ್ನರ್‌ಗ್ರಾಟ್ ರೈಲು ಹತ್ತಿ, ಮ್ಯಾಟರ್‌ಹಾರ್ನ್ ಪರ್ವತದ ಮುಂದೆ ನಿಂತು ಚಿತ್ರ ತೆಗೆಸಿಕೊಂಡು, ಸಂಜೆಯೊಳಗೆ ಮರಳಿಬಿಡುತ್ತಾರೆ. ಶಿಖರವೇರುವುದೆಂದರೆ ಹಗ್ಗ, ಹಿಮಗೊಡಲಿ ಮತ್ತು ಮಾರ್ಗದರ್ಶಕರಿದ್ದವರ ಕೆಲಸವೆಂದು ನಂಬಿರುತ್ತಾರೆ. ನಾಲ್ಕು ಸಾವಿರ ಮೀಟರ್ ಮೀರಿದ ಶಿಖರಗಳ ವಿಷಯದಲ್ಲಿ ಅದು ನಿಜ. ಆದರೆ 3,400 ಮೀಟರ್ ದಾಟಿದ ಎರಡು ಶಿಖರಗಳಿಗೆ ಈ ಹಳ್ಳಿಯಿಂದ ಕಾಲ್ದಾರಿಯೇ ಇದೆ. ಕೆಲಸದ ನಿಮಿತ್ತ ಬಾಸೆಲ್‌ನಲ್ಲಿ ನೆಲೆಸಿರುವ ನಾನು ಬೇಸಿಗೆಗಳಲ್ಲಿ ಆ ದಾರಿಗಳನ್ನು ನಡೆದಿದ್ದೇನೆ. ಯಾವ ಶಿಖರವನ್ನು ಯಾವುದರ ನಂತರ ಏರಬೇಕು ಎಂಬ ಕ್ರಮವನ್ನು ಸರಿಯಾಗಿ ಹಾಕಿಕೊಂಡರೆ ಅರ್ಧ ಕೆಲಸ ಮುಗಿದಂತೆ ಎಂಬುದು ನನ್ನ ಅಭಿಪ್ರಾಯ.

ಕ್ರಮದ ಮಾತೇಕೆಂದರೆ, ಕರ್ನಾಟಕದ ಅತಿ ಎತ್ತರದ ಶಿಖರವಾದ ಮುಳ್ಳಯ್ಯನಗಿರಿಯೇ ಸುಮಾರು 1,930 ಮೀಟರ್. ಝರ್ಮಾಟ್‌ನ ರೈಲು ನಿಲ್ದಾಣದಿಂದ ಗಂಟೆಯೊಂದು ಏರಿದರೆ ಆ ಎತ್ತರ ಸಿಕ್ಕಿಬಿಡುತ್ತದೆ. ಸಹ್ಯಾದ್ರಿಯ ನಡಿಗೆ ಕಾಲಿಗೆ ಕಸುವು ಕೊಡುತ್ತದೆ, ಮಳೆಯಲ್ಲಿ ಜಾರುವ ಕಲ್ಲನ್ನು ಗುರುತಿಸುವುದನ್ನೂ ಕಲಿಸುತ್ತದೆ, ಆದರೆ ತೆಳು ಗಾಳಿಗೆ ಅದು ನಮ್ಮನ್ನು ಸಿದ್ಧಪಡಿಸುವುದಿಲ್ಲ. 3,400 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿರುವುದರ ಸುಮಾರು ಮೂರನೇ ಎರಡರಷ್ಟಿರುತ್ತದೆ. ಪ್ರತಿ ಉಸಿರಿನಲ್ಲಿ ಒಳಗೆ ಹೋಗುವ ಆಮ್ಲಜನಕವೂ ಅದೇ ಲೆಕ್ಕದಲ್ಲಿ ಕಡಿಮೆಯಾಗುತ್ತದೆ. ಅದಕ್ಕಾಗಿ ನಾನು ಹಳ್ಳಿಯಲ್ಲೇ ರಾತ್ರಿ ತಂಗಿ, ಮೊದಲು ಮೂರು ಸಾವಿರದ ಆಸುಪಾಸಿನ ಜಾಗಕ್ಕೆ ಹೋಗಿಬಂದು, ಆಮೇಲೆಯೇ ದೊಡ್ಡ ಏರುಗಳಿಗೆ ಕೈಹಾಕುತ್ತೇನೆ.

ಮೊದಲ ಏರಿಗೆ ಗೊರ್ನರ್‌ಗ್ರಾಟ್ ಅತ್ಯುತ್ತಮ. 3,089 ಮೀಟರ್ ಎತ್ತರದ ಈ ದಿಣ್ಣೆಗೆ 1898ರಿಂದಲೂ ಹಲ್ಲುಹಳಿಯ ರೈಲು ಓಡುತ್ತಿದೆ. ಕಾಲ್ದಾರಿ ಲಾರ್ಚ್ ಮರಗಳ ಕಾಡನ್ನು ದಾಟಿ, ರಿಫೆಲ್‌ಆಲ್ಪ್ ಮತ್ತು ರಿಫೆಲ್‌ಬೆರ್ಗ್ ನಿಲ್ದಾಣಗಳ ಪಕ್ಕದಲ್ಲೇ ಸಾಗುವುದರಿಂದ ತಲೆ ಸಿಡಿಯತೊಡಗಿದರೆ ಅಥವಾ ಹವೆ ಕೆಟ್ಟರೆ ಯಾವ ನಿಲ್ದಾಣದಲ್ಲಾದರೂ ರೈಲು ಹತ್ತಿ ಇಳಿಯಬಹುದು. ಇಳಿಯುವಾಗ ನಾನು ಮುಲಾಜಿಲ್ಲದೆ ರೈಲು ಹತ್ತುತ್ತೇನೆ. ಏರು ಉಸಿರನ್ನು ಪರೀಕ್ಷಿಸಿದರೆ ಇಳಿಜಾರು ಮಂಡಿಯನ್ನು ತಿನ್ನುತ್ತದೆ, ಮತ್ತು ಮುಂದಿನ ದಿನಗಳಿಗೆ ಬೇಕಾಗುವುದು ಮಂಡಿಯೇ. ರೈಲು ಮತ್ತು ಕೇಬಲ್ ಕಾರುಗಳ ದರ ಹೆಚ್ಚು. ಹಾಫ್ ಫೇರ್ ಕಾರ್ಡ್ ಎಂಬ ಸ್ವಿಸ್ ರಿಯಾಯಿತಿ ಕಾರ್ಡ್ ಇದ್ದರೆ ಅರ್ಧಕ್ಕಿಳಿಯುತ್ತದೆ.

ದಾರಿಯ ಫಲಕಗಳನ್ನು ಓದುವುದನ್ನೂ ಈ ಮೊದಲ ದಿನವೇ ರೂಢಿಸಿಕೊಳ್ಳಬೇಕು. ಹಳದಿ ಫಲಕಗಳು ಕಿಲೋಮೀಟರ್ ಹೇಳುವುದಿಲ್ಲ, ಗಂಟೆ ಮತ್ತು ನಿಮಿಷಗಳನ್ನು ಹೇಳುತ್ತವೆ. ಆ ಲೆಕ್ಕದಲ್ಲಿ ಕುಳಿತು ಸುಧಾರಿಸಿಕೊಳ್ಳುವ ಸಮಯ ಸೇರಿರುವುದಿಲ್ಲ. ಮೊದಲ ಒಂದು ಗಂಟೆಯಲ್ಲಿ ಫಲಕದ ಸಮಯಕ್ಕೂ ನನ್ನ ನಡಿಗೆಗೂ ಇರುವ ಅಂತರವನ್ನು ಅಳೆದುಕೊಂಡು, ಅದೇ ಪ್ರಮಾಣವನ್ನು ಇಡೀ ದಿನಕ್ಕೆ ಹಾಕಿದರೆ ಶಿಖರ ತಲುಪುವ ಹೊತ್ತು ಬಹುಮಟ್ಟಿಗೆ ಸರಿಯಾಗಿ ಸಿಗುತ್ತದೆ. ಕಲ್ಲುಗಳ ಮೇಲೆ ಬಳಿದ ಬಿಳಿ-ಕೆಂಪು-ಬಿಳಿ ಪಟ್ಟೆ ಪರ್ವತದ ಕಾಲ್ದಾರಿಯ ಗುರುತು. ಅಲ್ಲಿ ಗಟ್ಟಿ ಹೆಜ್ಜೆ, ತಲೆಸುತ್ತದ ಧೈರ್ಯ ಮತ್ತು ಒಳ್ಳೆಯ ಬೂಟು ಸಾಕು. ಬಿಳಿ-ನೀಲಿ-ಬಿಳಿ ಕಂಡರೆ ಹಿಮನದಿ ದಾಟುವುದು, ಕೈಯೂರಿ ಬಂಡೆ ಹತ್ತುವುದು ಎಲ್ಲವೂ ಇರಬಹುದು.

ಎರಡು ಶಿಖರಗಳಲ್ಲಿ ನಾನು ಮೊದಲು ಸೂಚಿಸುವುದು 3,414 ಮೀಟರ್ ಎತ್ತರದ ಓಬರ್‌ರೋಟ್‌ಹಾರ್ನ್. ಹಿಮನದಿಯನ್ನು ಮೆಟ್ಟದೆ, ಗುರುತು ಹಾಕಿದ ಕಾಲ್ದಾರಿಯಲ್ಲೇ ತುದಿಯವರೆಗೂ ಹೋಗಬಹುದಾದ ಆಲ್ಪ್ಸ್‌ನ ಅತಿ ಎತ್ತರದ ಶಿಖರಗಳಲ್ಲಿ ಇದೂ ಒಂದು. ಹಳ್ಳಿಯಿಂದ ಬಂಡೆಯೊಳಗಿನ ಸುರಂಗದಲ್ಲಿ ಓಡುವ ಫ್ಯೂನಿಕ್ಯುಲರ್‌ನಲ್ಲಿ (ಉಕ್ಕಿನ ಹಗ್ಗದಿಂದ ಎಳೆಯುವ ಕಡಿದಾದ ಹಳಿಯ ರೈಲು) 2,288 ಮೀಟರಿನ ಸುನೆಗಾಕ್ಕೆ ಬಂದು, ಅಲ್ಲಿಂದ ಬ್ಲೌಹೆರ್ಡ್ ಮಾರ್ಗವಾಗಿ ನಡೆಯತೊಡಗುತ್ತೇನೆ. ಕೇಬಲ್ ಕಾರಿನಲ್ಲಿ 3,103 ಮೀಟರಿನ ಉಂಟರ್‌ರೋಟ್‌ಹಾರ್ನ್‌ವರೆಗೂ ಹೋಗಬಹುದು, ಆದರೆ ಅಲ್ಲಿಂದ ಫುರ್ಗ್ಗಿ ಎಂಬ ತಗ್ಗಿಗೆ ಮತ್ತೆ ನೂರಕ್ಕೂ ಹೆಚ್ಚು ಮೀಟರ್ ಇಳಿಯಬೇಕು. ಅಷ್ಟು ಹಣ ಕೊಟ್ಟು ಎತ್ತರ ಪಡೆದು ಅದನ್ನು ಕಳೆದುಕೊಳ್ಳುವುದು ನನಗೆ ಒಗ್ಗುವುದಿಲ್ಲ, ಮೇಲಾಗಿ ದೇಹವೂ ನಿಧಾನವಾಗಿ ಏರಿದರೇ ಎತ್ತರಕ್ಕೆ ಹೊಂದಿಕೊಳ್ಳುತ್ತದೆ. ಫುರ್ಗ್ಗಿಯಿಂದ ಮುಂದಿನ ನಾನೂರು ಚಿಲ್ಲರೆ ಮೀಟರ್ ಏರು ಸಡಿಲ ಕಲ್ಲುಚೂರುಗಳ ಮೇಲೆ ಸುತ್ತುಸುತ್ತಾಗಿ ಸಾಗುತ್ತದೆ. ಹುಲ್ಲು ಅಲ್ಲಿಗೆ ಮುಗಿದಿರುತ್ತದೆ. ಇಲ್ಲಿ ಬೇಗ ನಡೆಯುವವರು ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಾರೆ. ಎರಡು ಹೆಜ್ಜೆಗೆ ಒಂದು ಉಸಿರು ಎಂಬ ಲಯ ಹಿಡಿದವರು ನಿಲ್ಲದೆ ಅವರನ್ನು ದಾಟಿ ಹೋಗುತ್ತಾರೆ. ಮಾತನಾಡುತ್ತಾ ನಡೆಯಲಾಗದಿದ್ದರೆ ವೇಗ ಹೆಚ್ಚಾಯಿತೆಂದೇ ನಾನು ತಿಳಿಯುತ್ತೇನೆ.

ತುದಿಯಿಂದ ದಕ್ಷಿಣಕ್ಕೆ ಫಿಂಡೆಲ್ ಹಿಮನದಿ ಪೂರ್ತಿಯಾಗಿ ಕಾಣುತ್ತದೆ. ಅದರ ಇಕ್ಕೆಲಗಳಲ್ಲಿ, ಈಗಿನ ಮಂಜಿನ ಮಟ್ಟಕ್ಕಿಂತ ಬಹಳ ಮೇಲೆ, ಹಳೆಯ ಹಿಮನದಿ ಬಿಟ್ಟುಹೋದ ಮಣ್ಣುಕಲ್ಲಿನ ಏರಿಗಳು ಗೆರೆ ಎಳೆದಂತೆ ನಿಂತಿವೆ. ಹತ್ತೊಂಬತ್ತನೆಯ ಶತಮಾನದ ನಡುವಿನಿಂದ ಈಚೆಗೆ ಎಷ್ಟು ಮಂಜು ಕರಗಿದೆಯೆಂಬುದನ್ನು ಯಾವ ನಕಾಶೆಯ ನೆರವೂ ಇಲ್ಲದೆ ನೋಡಬಹುದು. ಇಳಿಯುವಾಗ ಫ್ಲೂಆಲ್ಪ್ ಮತ್ತು ಸ್ಟೆಲ್ಲಿಸೇ ಸರೋವರದ ಕಡೆಯಿಂದ ಬರುವುದು ನನಗಿಷ್ಟ, ದಾರಿ ಸ್ವಲ್ಪ ಉದ್ದವಾದರೂ ಸರಿಯೇ.

ಈ ಏರುಗಳಿಗೆ ಜುಲೈ ನಡುವಿನಿಂದ ಸೆಪ್ಟೆಂಬರ್‌ವರೆಗಿನ ಕಾಲ ಒಳ್ಳೆಯದು. ಅದಕ್ಕೂ ಮೊದಲು ಮೇಲಿನ ಭಾಗದಲ್ಲಿ ಹಿಮ ಉಳಿದಿರುತ್ತದೆ. ಬೇಸಿಗೆಯ ಮಧ್ಯಾಹ್ನಗಳಲ್ಲಿ ಗುಡುಗು ಸಹಿತ ಮಳೆ ಸಾಮಾನ್ಯವಾದ್ದರಿಂದ ಮಧ್ಯಾಹ್ನದೊಳಗೆ ತುದಿ ಬಿಟ್ಟಿರುವುದು ನನ್ನ ನಿಯಮ. ಆ ಹೊತ್ತಿಗೆ ತುದಿ ಮುಟ್ಟದಿದ್ದರೆ ಎಲ್ಲಿದ್ದರೆ ಅಲ್ಲಿಂದ ಹಿಂತಿರುಗುತ್ತೇನೆ. ಹಳ್ಳಿಯಲ್ಲಿ ಟೀ-ಶರ್ಟಿನ ಬಿಸಿಲಿದ್ದಾಗ ತುದಿಯಲ್ಲಿ ಹತ್ತು ಡಿಗ್ರಿಗೂ ಹೆಚ್ಚು ತಂಪಿರುತ್ತದೆ, ಗಾಳಿ ಬೇರೆ. ಆದ್ದರಿಂದ ಚೀಲದಲ್ಲಿ ಟೊಪ್ಪಿಗೆ, ಕೈಗವಸು, ಗಾಳಿ ತಡೆಯುವ ಅಂಗಿ ಇದ್ದೇ ಇರುತ್ತವೆ. ಊಟಕ್ಕೆ ಚಪಾತಿಯೊಳಗೆ ಶೇಂಗಾ ಚಟ್ನಿಪುಡಿ ಸುತ್ತಿಕೊಂಡು ಹೋಗುತ್ತೇನೆ. ಎತ್ತರದಲ್ಲಿ ಸಿಹಿ ಬೇಡವೆನಿಸಿದಾಗಲೂ ಖಾರ ನಾಲಗೆಗೆ ಹಿಡಿಸುತ್ತದೆ. ಸ್ವಿಸ್‌ಟೋಪೋ ಎಂಬ ನಕಾಶೆಯ ಆ್ಯಪ್‌ನಲ್ಲಿ ದಾರಿ ಮುಚ್ಚಿರುವ ಸೂಚನೆಗಳು ಸಿಗುವುದರಿಂದ ಹಿಂದಿನ ರಾತ್ರಿ ಅದನ್ನು ನೋಡುವುದನ್ನು ತಪ್ಪಿಸುವುದಿಲ್ಲ.

ಎರಡನೆಯದಾದ ಮೆಟೆಲ್‌ಹಾರ್ನ್ ಎತ್ತರದಲ್ಲಿ 3,406 ಮೀಟರ್, ಅಂದರೆ ಮೊದಲನೆಯದಕ್ಕಿಂತ ತುಸು ಕಡಿಮೆ. ಶ್ರಮದಲ್ಲಿ ಎರಡಕ್ಕೂ ಹೋಲಿಕೆಯೇ ಇಲ್ಲ. ಈ ಕಡೆ ಯಾವ ಕೇಬಲ್ ಕಾರೂ ಇಲ್ಲ. ಹಳ್ಳಿಯ ನಡುವಿನಿಂದಲೇ ಹೊರಟು, ಟ್ರಿಫ್ಟ್ ಕಮರಿಯ ಅಂಚಿನಲ್ಲಿ ಏರಿ, 2,337 ಮೀಟರಿನಲ್ಲಿರುವ ಹಳೆಯ ಪರ್ವತ ವಸತಿಗೃಹವನ್ನು ದಾಟಿ, ಅಲ್ಲಿಂದ ಬಲಕ್ಕೆ ಹುಲ್ಲುಗಾವಲಿನ ಕಣಿವೆಯೊಳಗೆ ಹೊಕ್ಕು, ಒಟ್ಟು ಸುಮಾರು 1,800 ಮೀಟರ್ ಏರಬೇಕು, ಮತ್ತು ಅದಷ್ಟನ್ನೂ ಅದೇ ದಿನ ಅದೇ ಕಾಲಿನಿಂದ ಇಳಿಯಬೇಕು. ಬೆಳಕು ಹರಿಯುವ ಮುನ್ನವೇ ತಲೆದೀಪ ಕಟ್ಟಿಕೊಂಡು ಹೊರಡುತ್ತೇನೆ. ಶಿಖರದ ಕೆಳಗೆ ಒಂದು ಸಣ್ಣ ಹಿಮದ ಬಯಲನ್ನು ದಾಟಬೇಕಾಗುತ್ತದೆ. ಬೆಳಿಗ್ಗೆ ಅದು ಗಟ್ಟಿಯಾಗಿ ಜಾರುತ್ತದೆ, ಬೇಸಿಗೆಯ ಕೊನೆಯಲ್ಲಿ ಮೇಲಿನ ಹಿಮ ಕರಗಿ ಬರಿಯ ಮಂಜುಗಡ್ಡೆ ಹೊರಬಂದಿರಲೂಬಹುದು. ಬೂಟಿಗೆ ಕಟ್ಟುವ ಹಗುರ ಮುಳ್ಳುಪಟ್ಟಿ ಮತ್ತು ಎರಡು ಕೋಲುಗಳಿಲ್ಲದೆ ನಾನು ಅಲ್ಲಿಗೆ ಕಾಲಿಡುವುದಿಲ್ಲ, ಟ್ರಿಫ್ಟ್‌ನಲ್ಲಿ ಅಂದಿನ ಸ್ಥಿತಿಯನ್ನು ವಿಚಾರಿಸದೆ ಮುಂದುವರಿಯುವುದೂ ಇಲ್ಲ. ತುದಿಯಲ್ಲಿ ವೈಸ್‌ಹಾರ್ನ್ ಪಕ್ಕದಲ್ಲೇ ಎದ್ದು ನಿಂತಂತಿರುತ್ತದೆ, ಕಣಿವೆಯಾಚೆ 4,545 ಮೀಟರಿನ ಡೋಮ್. ನೋಟದಲ್ಲಿ ಇದಕ್ಕೇ ನನ್ನ ಮತ. ಮೊದಲ ಬಾರಿ ಬಂದವರಿಗೆ ಮಾತ್ರ ಓಬರ್‌ರೋಟ್‌ಹಾರ್ನ್ ಅನ್ನೇ ಹೇಳುತ್ತೇನೆ.

ಮ್ಯಾಟರ್‌ಹಾರ್ನ್ ಮೇಲೆಯೇ ಕಾಲಿಡಬೇಕೆಂಬ ಆಸೆಯಿರುವವರಿಗೆ ಶ್ವಾರ್ಟ್ಸ್‌ಸೇಯಿಂದ 3,260 ಮೀಟರಿನ ಹ್ಯೋರ್ನ್ಲಿ ಎಂಬ, ಪರ್ವತಾರೋಹಿಗಳು ತಂಗುವ ಗುಡಿಸಲಿನವರೆಗೆ, ಕಬ್ಬಿಣದ ಮೆಟ್ಟಿಲುಗಳೂ ಇರುವ ಕಡಿದಾದ ಕಾಲ್ದಾರಿಯಿದೆ. 1865ರ ಜುಲೈ 14ರಂದು ಮೊದಲ ಬಾರಿ ಶಿಖರ ಮುಟ್ಟಿದ ಏಳು ಜನರಲ್ಲಿ ನಾಲ್ವರು ಇಳಿಯುವಾಗ ಬಿದ್ದು ಸತ್ತದ್ದು ಈ ಗುಡಿಸಲಿನ ಮೇಲಿರುವ ಪರ್ವತದಂಚಿನಲ್ಲಿ. ಗುಡಿಸಲಿನ ಹಿಂದಿನ ಬಂಡೆಯಲ್ಲಿ ನಾಲ್ಕು ಮಾರು ಹತ್ತಿ ಚಿತ್ರ ತೆಗೆಸಿಕೊಳ್ಳುವ ಚಪಲ ಅನೇಕರಲ್ಲಿ ಕಂಡಿದ್ದೇನೆ. ನಡೆಯುವವರ ದಾರಿ ಗುಡಿಸಲಿಗೇ ಮುಗಿಯುತ್ತದೆ. ಸ್ವಿಟ್ಜರ್ಲೆಂಡಿನ ಉಳಿದೆಡೆ ಪರ್ವತ ರಕ್ಷಣೆಗೆ 1414 ಸಂಖ್ಯೆಗೆ ಕರೆ ಮಾಡುತ್ತಾರೆ, ವಾಲೈನಲ್ಲಿ ಮಾತ್ರ ಅದು 144. ಹೆಲಿಕಾಪ್ಟರ್ ಬಂದರೆ ಅದರ ಖರ್ಚು ಗಾಯಗೊಂಡವರ ಮೇಲೆ ಬೀಳಬಹುದಾದ್ದರಿಂದ, ಭಾರತದಿಂದ ಬರುವ ಗೆಳೆಯರಿಗೆ ಪರ್ವತ ರಕ್ಷಣೆಯೂ ಸೇರಿರುವ ಪ್ರಯಾಣ ವಿಮೆಯನ್ನು ಊರಲ್ಲೇ ಮಾಡಿಸಿಕೊಂಡು ಬರಲು ಹೇಳುತ್ತೇನೆ.