ಸಣ್ಣ ಸರ್ವರ್, ದುಬಾರಿ ಡೇಟಾ: ಬಿಲ್ ಕೈಮೀರದಂತೆ ಸೈಟ್ ನಡೆಸುವುದು ಹೇಗೆ?

ಊರಿನ ಸಂಘದಲ್ಲಿರುವ ತಾಳಮದ್ದಲೆಯ ಹಳೆಯ ಕ್ಯಾಸೆಟ್‌ಗಳನ್ನು ಎಲ್ಲರೂ ಕೇಳುವಂತೆ ಮಾಡಬೇಕು. ತಾಲ್ಲೂಕಿನ ಹಳೆಯ ಫೋಟೊಗಳನ್ನೆಲ್ಲ ಒಂದು ಕಡೆ ಸೇರಿಸಬೇಕು. ಇಂಥ ಆಸೆಗೆ ಇವತ್ತು ತಿಂಗಳಿಗೆ ಐನೂರು ರೂಪಾಯಿ ಆಸುಪಾಸಿನ ವಿಪಿಎಸ್ ಸಾಕು. ವಿಪಿಎಸ್ ಅಂದರೆ ದೊಡ್ಡ ಕಂಪ್ಯೂಟರ್ ಒಂದನ್ನು ಸಾಫ್ಟ್‌ವೇರ್ ಮೂಲಕ ಹಲವು ಪಾಲು ಮಾಡಿ, ಒಂದು ಪಾಲನ್ನು ನಿಮಗೆ ಬಾಡಿಗೆ ಕೊಡುವುದು. ಅದು ನಿಮ್ಮದೇ ಸರ್ವರ್ ಇದ್ದ ಹಾಗೆ. ಏನು ಬೇಕಾದರೂ ಹಾಕಿಕೊಳ್ಳಬಹುದು.

ಕೊಳ್ಳುವಾಗ ಎಲ್ಲರೂ ರ‍್ಯಾಮ್ ಎಷ್ಟು, ಡಿಸ್ಕ್ ಎಷ್ಟು ಎಂದು ನೋಡುತ್ತಾರೆ. ನಮ್ಮ ದೇಶದಲ್ಲಿ ಮೊದಲು ನೋಡಬೇಕಾದದ್ದು ಬೇರೆ. ತಿಂಗಳಿಗೆ ಎಷ್ಟು ಜಿಬಿ ಡೇಟಾ ಹೊರಗೆ ಹೋಗಬಹುದು? ಅದು ಮುಗಿದ ಮೇಲೆ ಏನಾಗುತ್ತದೆ? ಕನ್ನಡದ ಎಷ್ಟೋ ಒಳ್ಳೆಯ ಸಂಗ್ರಹಗಳು ಒಬ್ಬಿಬ್ಬರ ಜೇಬಿನ ದುಡ್ಡಿನಲ್ಲಿ ನಡೆಯುತ್ತಿವೆ. ಒಂದು ತಿಂಗಳ ಬಿಲ್ಲಿಗೆ ಹೆದರಿ ಅವು ನಿಂತುಹೋಗಬಾರದು. ಅದಕ್ಕಾಗಿ ಈ ಲೆಕ್ಕ.

ಹಂತ 1: ಕೊಳ್ಳುವ ಮೊದಲೇ ಗುಣಾಕಾರ ಮಾಡಿ

ಮೂರು ಗಂಟೆಯ ಒಂದು ತಾಳಮದ್ದಲೆ ತೆಗೆದುಕೊಳ್ಳಿ. 128 ಕೆಬಿಪಿಎಸ್ (ಸೆಕೆಂಡಿಗೆ 128 ಕಿಲೋಬಿಟ್) ಎಂಪಿ3 ಮಾಡಿದರೆ ಸುಮಾರು 173 ಎಂಬಿ ಆಗುತ್ತದೆ. ಒಬ್ಬರು ಪೂರ್ತಿ ಕೇಳಿದರೆ ಅಷ್ಟೂ ಡೇಟಾ ನಿಮ್ಮ ಸರ್ವರ್‌ನಿಂದ ಹೊರಗೆ ಹೋಗುತ್ತದೆ. ಎಲ್ಲ ಪ್ರಸಂಗಗಳೂ ಸೇರಿ ತಿಂಗಳಿಗೆ 5,000 ಸಲ ಕೇಳುಗರು ಬಂದರು ಎಂದುಕೊಳ್ಳೋಣ. ಒಟ್ಟು 865 ಜಿಬಿ.

ಈಗ ಇದನ್ನು ಎರಡು ಕಡೆ ಇಟ್ಟು ನೋಡಿ. ಸರ್ವರ್ ಬಾಡಿಗೆಗೂ ಕೊಡುವ ಅಮೆಜಾನ್‌ನ ಮುಂಬೈ ಕೇಂದ್ರದಲ್ಲಿ ತಿಂಗಳಿಗೆ 100 ಜಿಬಿ ಉಚಿತ. ಆಮೇಲೆ ಜಿಬಿಗೆ 0.1093 ಡಾಲರ್. ಉಳಿದ 765 ಜಿಬಿಗೆ ಸುಮಾರು 84 ಡಾಲರ್ ಆಯಿತು. ಡಾಲರಿಗೆ 85 ರೂಪಾಯಿ ಹಿಡಿದರೂ 7,100 ರೂಪಾಯಿ ದಾಟುತ್ತದೆ. ಮೇಲೆ ಶೇ 18 ಜಿಎಸ್‌ಟಿ. ಸರ್ವರ್ ಬಾಡಿಗೆ ಇದರಲ್ಲಿ ಸೇರಿಲ್ಲ, ಇದು ಬರೀ ಡೇಟಾದ ದುಡ್ಡು. ಡಿಜಿಟಲ್ ಓಶನ್ ಎಂಬ ಕಂಪನಿಯ ಬೆಂಗಳೂರು ಕೇಂದ್ರದಲ್ಲಿ 6 ಡಾಲರಿನ ಪ್ಲಾನ್ ತೆಗೆದುಕೊಂಡರೆ ಸುಮಾರು 1,000 ಜಿಬಿ ಬಾಡಿಗೆಯಲ್ಲೇ ಸೇರಿರುತ್ತದೆ. ಮೀರಿದರೆ ಜಿಬಿಗೆ ಒಂದು ಸೆಂಟ್. ಅದೇ ಕೇಳುಗರು, ಅದೇ ಫೈಲ್‌ಗಳು. ಖರ್ಚು 6 ಡಾಲರಿನೊಳಗೇ ಮುಗಿಯಿತು.

ದರಗಳು ಬದಲಾಗುತ್ತಿರುತ್ತವೆ. ಕೊಳ್ಳುವ ದಿನ ಬೆಲೆಪಟ್ಟಿಯನ್ನು ಇನ್ನೊಮ್ಮೆ ನೋಡಿ. ಆದರೆ ಗುಣಾಕಾರ ಮಾತ್ರ ಬಿಡಬೇಡಿ.

ಇನ್ನೊಂದು ಅಳತೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತದೆ. 1 ಎಂಬಿಪಿಎಸ್ (ಸೆಕೆಂಡಿಗೆ ಒಂದು ಮೆಗಾಬಿಟ್) ವೇಗದಲ್ಲಿ ಡೇಟಾ ಒಂದು ಕ್ಷಣವೂ ನಿಲ್ಲದೆ 30 ದಿನ ಹರಿದರೆ 324 ಜಿಬಿ.

ಹಂತ 2: ಪ್ಲಾನ್‌ನ ಸಣ್ಣ ಅಕ್ಷರಗಳನ್ನು ಓದಿ

ಕೊಟ್ಟ ಡೇಟಾ ಮುಗಿದಾಗ ಕಂಪನಿಗಳು ಮೂರರಲ್ಲಿ ಒಂದು ಮಾಡುತ್ತವೆ: ಹೆಚ್ಚಿನ ಬಿಲ್ ಹಾಕುತ್ತವೆ, ವೇಗ ತಗ್ಗಿಸುತ್ತವೆ, ಇಲ್ಲವೇ ಸರ್ವರ್ ನಿಲ್ಲಿಸುತ್ತವೆ. ಸಂಘ, ಶಾಲೆ, ಸಣ್ಣ ಪತ್ರಿಕೆಗಳಿಗೆ ವೇಗ ತಗ್ಗಿಸುವ ಪ್ಲಾನ್ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಸೈಟ್ ನಿಧಾನವಾದರೂ ನಡೆಯುತ್ತಿರುತ್ತದೆ, ಖರ್ಚು ಎಷ್ಟು ಎಂದು ಮೊದಲೇ ಗೊತ್ತಿರುತ್ತದೆ.

‘ಅನ್‌ಲಿಮಿಟೆಡ್’ ಎಂದು ಬರೆದಿದ್ದರೆ ಸರ್ವರ್‌ನ ನೆಟ್‌ವರ್ಕ್ ಸಂಪರ್ಕದ ವೇಗ (ಪೋರ್ಟ್ ವೇಗ) ಎಷ್ಟು, ಅದನ್ನು ಎಷ್ಟು ಜನರ ಜೊತೆ ಹಂಚಿಕೊಳ್ಳಬೇಕು, ‘ಫೇರ್ ಯೂಸೇಜ್’ ಮಿತಿ ಎಷ್ಟು ಎಂದು ಮೇಲ್ ಮಾಡಿ ಕೇಳಿ. ಉತ್ತರ ಬರಹದಲ್ಲೇ ಇರಲಿ.

ಅಮೆಜಾನ್‌ನ ಅಗ್ಗದ ಸೇವೆ ಲೈಟ್‌ಸೇಲ್‌ನಲ್ಲಿ ಒಂದು ವಿಷಯ ಗಮನಿಸಬೇಕು. ಅದೇ ಬೆಲೆಗೆ ಬೇರೆ ಬಹಳಷ್ಟು ಕೇಂದ್ರಗಳಲ್ಲಿ ಸಿಗುವ ಡೇಟಾದ ಅರ್ಧ ಮಾತ್ರ ಮುಂಬೈ ಕೇಂದ್ರದಲ್ಲಿ ಸಿಗುತ್ತದೆ. ಒಳಗೆ ಬರುವ ಡೇಟಾವನ್ನೂ ಆ ಮಿತಿಯಲ್ಲೇ ಎಣಿಸುತ್ತಾರೆ. ಮಿತಿ ದಾಟಿದ ಮೇಲೆ ದುಡ್ಡು ಹಾಕುವುದು ಮಾತ್ರ ಹೊರಗೆ ಹೋಗುವ ಡೇಟಾಕ್ಕೆ. ಅಮೆಜಾನ್‌ನ ದೊಡ್ಡ ಸೇವೆಯಲ್ಲಿ 2024ರ ಫೆಬ್ರುವರಿಯಿಂದ ಇಂಟರ್ನೆಟ್‌ನಲ್ಲಿ ಸರ್ವರನ್ನು ಗುರುತಿಸುವ ಐಪಿವಿ4 ವಿಳಾಸಕ್ಕೂ ಗಂಟೆಗೆ ಅರ್ಧ ಸೆಂಟ್ ಬೀಳುತ್ತದೆ. ಅದೇ ತಿಂಗಳಿಗೆ 3.6 ಡಾಲರ್ ಆಯಿತು.

ಹೊರದೇಶದ ಕಂಪನಿಯಾದರೆ ಕಾರ್ಡ್‌ನಲ್ಲಿ ಅಂತರರಾಷ್ಟ್ರೀಯ ಪಾವತಿಯನ್ನು ಆನ್ ಮಾಡಿಸಿಕೊಳ್ಳಬೇಕು. 2021ರ ಅಕ್ಟೋಬರ್‌ನಲ್ಲಿ ರಿಸರ್ವ್ ಬ್ಯಾಂಕಿನ ಹೊಸ ನಿಯಮ ಬಂದ ಮೇಲೆ ತಿಂಗಳು ತಿಂಗಳು ತಾನಾಗಿ ಕಡಿತವಾಗುವ ಪಾವತಿಗಳು ಎಷ್ಟೋ ಕಾರ್ಡ್‌ಗಳಲ್ಲಿ ನಿಂತವು. ಬಿಲ್ ಕಟ್ಟದೆ ಸರ್ವರ್ ಅಳಿಸಿಹೋದರೆ ಕ್ಯಾಸೆಟ್‌ನಿಂದ ಮತ್ತೆ ಶುರು ಮಾಡಬೇಕು. ಆದ್ದರಿಂದ ಆ ಕಂಪನಿಯಲ್ಲಿರುವ ನಿಮ್ಮ ಖಾತೆಯಲ್ಲಿ ಎರಡು ಮೂರು ತಿಂಗಳ ದುಡ್ಡು ಮುಂಗಡವಾಗಿ ಇಟ್ಟಿರಿ.

ಹಂತ 3: ಎಲ್ಲವನ್ನೂ ಒಂದೇ ಊರಿನಲ್ಲಿ ಇಡಬೇಕಾಗಿಲ್ಲ

ಯುರೋಪಿನಲ್ಲಿ ಫ್ರಾಂಕ್‌ಫರ್ಟ್, ಆಮ್‌ಸ್ಟರ್‌ಡ್ಯಾಮ್‌ನಂಥ ಕಡೆ ನೂರಾರು ನೆಟ್‌ವರ್ಕ್‌ಗಳು ಒಂದೇ ವಿನಿಮಯ ಕೇಂದ್ರದಲ್ಲಿ ಸೇರಿ ಡೇಟಾ ಅದಲುಬದಲು ಮಾಡಿಕೊಳ್ಳುತ್ತವೆ. ಹೀಗಾಗಿ ಅಲ್ಲಿ ಬ್ಯಾಂಡ್‌ವಿಡ್ತ್ ಅಗ್ಗ. ನಮ್ಮಲ್ಲಿ ನಿಕ್ಸಿ ಎಂಬ ವಿನಿಮಯ ಸಂಸ್ಥೆ ಶುರುವಾದದ್ದು 2003ರಲ್ಲಿ. ಸಮುದ್ರದ ಕೇಬಲ್‌ಗಳು ದಡ ಸೇರುವುದು ಮುಂಬೈ, ಚೆನ್ನೈ, ಕೊಚ್ಚಿಯಂಥ ಕೆಲವೇ ಊರುಗಳಲ್ಲಿ.

ಜರ್ಮನಿಯ ಹೆಟ್ಜ್‌ನರ್ ಕಂಪನಿ ಯುರೋಪಿನ ಸಣ್ಣ ಪ್ಲಾನ್‌ಗಳಿಗೂ ತಿಂಗಳಿಗೆ 20 ಟಿಬಿ ಕೊಡುತ್ತದೆ. ಅಂದರೆ ಬೆಂಗಳೂರಿನ 6 ಡಾಲರ್ ಪ್ಲಾನ್‌ನ ಇಪ್ಪತ್ತು ಪಟ್ಟು. ಹಾಗಾದರೆ ಎಲ್ಲವನ್ನೂ ಅಲ್ಲೇ ಇಡಬಹುದಲ್ವಾ? ಇಡಬಹುದು, ಆದರೆ ದೂರದ ತೊಂದರೆ ಇದೆ. ಬೆಂಗಳೂರಿನಿಂದ ಜರ್ಮನಿಗೆ ಹೋಗಿ ಬರಲು ಸಿಗ್ನಲ್‌ಗೆ 150 ಮಿಲಿಸೆಕೆಂಡಿನ ಆಸುಪಾಸು ಬೇಕು. ಒಂದು ಪುಟ ತೆರೆಯುವಾಗ ಇಂಥ ಹಲವು ಓಡಾಟ ಆಗುತ್ತದೆ, ಓದುಗರಿಗೆ ಸೈಟ್ ಮಂದ ಅನಿಸುತ್ತದೆ. ಆಡಿಯೊ ಹಾಗಲ್ಲ. ಒಮ್ಮೆ ಶುರುವಾದರೆ ಮೂರು ಗಂಟೆ ಸುಮ್ನೆ ಹರಿಯುತ್ತದೆ. ಶುರುವಿನಲ್ಲಿ ಅರ್ಧ ಸೆಕೆಂಡ್ ತಡವಾದರೆ ಯಾರಿಗೂ ಗೊತ್ತಾಗುವುದಿಲ್ಲ.

ಆದ್ದರಿಂದ ಪುಟಗಳು ಬೆಂಗಳೂರು ಅಥವಾ ಮುಂಬೈಯ ಸಣ್ಣ ಸರ್ವರ್‌ನಲ್ಲಿ ಇರಲಿ, ಭಾರದ ಫೈಲ್‌ಗಳು ಡೇಟಾ ಅಗ್ಗ ಇರುವ ಕಡೆ ಇರಲಿ. 2024ರ ಫೆಬ್ರುವರಿಯಲ್ಲಿ ಕೆಂಪು ಸಮುದ್ರದಲ್ಲಿ ಕೇಬಲ್‌ಗಳು ತುಂಡಾದಾಗ ಏಷ್ಯಾ–ಯುರೋಪ್ ಸಂಪರ್ಕಕ್ಕೆ ಪೆಟ್ಟು ಬಿತ್ತು. ಅಂಥ ದಿನ ಆಡಿಯೊ ತಡೆದು ತಡೆದು ಬರಬಹುದು. ಪುಟಗಳು ಇಲ್ಲೇ ಇದ್ದರೆ ಸೈಟ್ ಅಂತೂ ತೆರೆಯುತ್ತದೆ.

ಎರಡನೇ ಸರ್ವರ್ ನೋಡಿಕೊಳ್ಳುವುದು ಕಷ್ಟ ಅನಿಸಿದರೆ ಕ್ಲೌಡ್‌ಫ್ಲೇರ್ ಕಂಪನಿಯ ಆರ್2 ಎಂಬ ಫೈಲ್ ಇಡುವ ಸೇವೆ ಇದೆ. ಅದರಲ್ಲಿ ಹೊರಗೆ ಹೋಗುವ ಡೇಟಾಕ್ಕೆ ದುಡ್ಡಿಲ್ಲ. 10 ಜಿಬಿವರೆಗೆ ಇಡುವುದೂ ಉಚಿತ. ಕಲಾವಿದರ ಒಪ್ಪಿಗೆ ಇದ್ದರೆ ಇಂಟರ್ನೆಟ್ ಆರ್ಕೈವ್ ಎಂಬ ಸಾರ್ವಜನಿಕ ಸಂಗ್ರಹಕ್ಕೂ ಒಂದು ಪ್ರತಿ ಹಾಕಿ. ನಿಮ್ಮ ಸರ್ವರ್ ಹೋದರೂ ಭಾಗವತರ ದನಿ ಉಳಿಯುತ್ತದೆ.

ಹಂತ 4: ಫೈಲ್ ಹಗುರ ಮಾಡಿ

ದುಡ್ಡು ನಿಜವಾಗಿ ಉಳಿಯುವುದು ಇಲ್ಲಿ. ಇದಕ್ಕೆ ಸಮಯ ಕೊಡಿ.

ತಾಳಮದ್ದಲೆ ಹೆಚ್ಚಿನ ಪಾಲು ಮಾತು. ಹಳೆಯ ಕ್ಯಾಸೆಟ್ ಬಹುತೇಕ ಒಂದೇ ಮೈಕಿನ ಧ್ವನಿ. ಸ್ಟೀರಿಯೊ ಬೇಕಾಗಿಲ್ಲ, ಮೊನೊ ಮಾಡಿ. 64 ಕೆಬಿಪಿಎಸ್ ಮೊನೊ ಎಂಪಿ3ಗೆ ಬಂದರೆ 173 ಎಂಬಿ ಇದ್ದದ್ದು 86ಕ್ಕೆ ಇಳಿಯಿತು. 2012ರಲ್ಲಿ ಬಂದ ಓಪಸ್ ಎಂಬ ವಿಧಾನದಲ್ಲಿ 32 ಕೆಬಿಪಿಎಸ್ ಇಟ್ಟರೆ 43 ಎಂಬಿ. ಮಾತಿಗೆ ಇಷ್ಟು ಧಾರಾಳ ಸಾಕು. ಪದ್ಯ, ಚೆಂಡೆ ಬರುವ ಭಾಗವನ್ನು ಒಳ್ಳೆಯ ಹೆಡ್‌ಫೋನ್ ಹಾಕಿ ಕೇಳಿ ನೋಡಿ. ಚೆಂಡೆಯ ಪೆಟ್ಟು ಮಸುಕಾಯಿತು ಅನಿಸಿದರೆ 48ಕ್ಕೆ ಏರಿಸಿ. ಅಲ್ಲಿ ಜಿಪುಣತನ ಬೇಡ. ಹಳೆಯ ಐಫೋನ್‌ಗಳಿಗೆ ಓಪಸ್ ಓಡುವುದಿಲ್ಲ, ಹಾಗಾಗಿ 64ರ ಎಂಪಿ3 ಪ್ರತಿಯೂ ಜೊತೆಗಿರಲಿ. ಮೂಲ ಧ್ವನಿಮುದ್ರಿಕೆಯನ್ನು ಮಾತ್ರ ಕುಗ್ಗಿಸದೆ ಮನೆಯ ಹಾರ್ಡ್ ಡಿಸ್ಕ್‌ನಲ್ಲಿ ಇಡಿ.

ಈಗ ಮೊದಲಿನ ಲೆಕ್ಕಕ್ಕೆ ಬನ್ನಿ. 5,000 ಸಲ ಗುಣಿಸಿ 43 ಎಂಬಿ ಅಂದರೆ 215 ಜಿಬಿ. ಅಮೆಜಾನ್‌ನ ಮುಂಬೈಯಲ್ಲೇ ಇದ್ದರೂ 84 ಡಾಲರ್ ಇದ್ದದ್ದು ಸುಮಾರು 13 ಡಾಲರಿಗೆ ಇಳಿಯಿತು. ಆರ್2ನ ಉಚಿತ 10 ಜಿಬಿಯಲ್ಲಿ ಮೊದಲು 57 ಪ್ರಸಂಗ ಹಿಡಿಸುತ್ತಿದ್ದವು, ಈಗ ಓಪಸ್ ಪ್ರತಿಗಳೇ 230 ಹಿಡಿಸುತ್ತವೆ.

ಆಡಿಯೊದಲ್ಲಿ ಇನ್ನೆರಡು ವಿಷಯ. ಒಂದೇ ಪುಟದಲ್ಲಿ ಇಪ್ಪತ್ತು ಪ್ರಸಂಗಗಳ ಪ್ಲೇಯರ್ ಹಾಕಿದರೆ, ಯಾರೂ ಒತ್ತದೆ ಇದ್ದರೂ ಬ್ರೌಸರ್ ಎಲ್ಲದರಿಂದ ಒಂದಿಷ್ಟು ಡೇಟಾ ಎಳೆದಿಟ್ಟುಕೊಳ್ಳಬಹುದು. ಪ್ಲೇಯರ್‌ನ ‘ಪ್ರಿಲೋಡ್’ ಎಂಬಲ್ಲಿ ‘ನನ್’ ಎಂದು ಹಾಕಿ. ಎರಡನೆಯದು, ಆಡಿಯೊ ಫೈಲನ್ನು ಪಿಎಚ್‌ಪಿ ಪ್ರೋಗ್ರಾಂ ಮೂಲಕ ಕೊಡಬೇಡಿ, ವೆಬ್ ಸರ್ವರ್ ನೇರವಾಗಿ ಕೊಡಲಿ. ಆಗ ಕೇಳುಗರು ನಡುವಿಗೆ ಜಿಗಿದರೆ ಅಲ್ಲಿಂದ ಮುಂದಿನ ಭಾಗ ಮಾತ್ರ ಹೋಗುತ್ತದೆ. ಇಲ್ಲದಿದ್ದರೆ ಎಷ್ಟೋ ಸಲ ಫೈಲ್ ಮತ್ತೆ ಮೊದಲಿನಿಂದ ಇಳಿಯುತ್ತದೆ.

ಫೋಟೊಗಳದು ಸುಲಭ. ಮೊಬೈಲಿನ 4 ಎಂಬಿ ಚಿತ್ರವನ್ನು 1,600 ಪಿಕ್ಸೆಲ್ ಅಗಲಕ್ಕೆ ಇಳಿಸಿ ವೆಬ್‌ಪಿ ಎಂಬ ಹಗುರ ಚಿತ್ರರೂಪಕ್ಕೆ ತಂದರೆ ಸಾಮಾನ್ಯವಾಗಿ 200–300 ಕೆಬಿ ಸಾಕು. ವಿಡಿಯೊ ಇದ್ದರೆ ಯೂಟ್ಯೂಬ್‌ಗೆ ಹಾಕಿ, ಕೊಂಡಿ ಕೊಡಿ.

ಇನ್ನು ಕನ್ನಡಕ್ಕೇ ಸಂಬಂಧಿಸಿದ ಮಾತು. ಕಂಪ್ಯೂಟರ್‌ನಲ್ಲಿ ಅಕ್ಷರಗಳನ್ನು ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್, ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್. ‘ಕ್ಷ’ ಒಂದಕ್ಕೇ 9 ಬೈಟ್, ‘ಸ್ತ್ರೀ’ ಎಂದು ಬರೆದರೆ 18. ಆದರೆ ಪ್ರತಿ ಮೂರರಲ್ಲಿ ಮೊದಲ ಎರಡು ಬೈಟ್ ಹೆಚ್ಚುಕಡಿಮೆ ಅವೇ ಆಗಿರುವುದರಿಂದ ಕನ್ನಡ ಪಠ್ಯ ಚೆನ್ನಾಗಿ ಕುಗ್ಗುತ್ತದೆ. ಇದಕ್ಕೆ ಎನ್‌ಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ಪ್ರೋಗ್ರಾಂನಲ್ಲಿ ಜಿಜಿಪ್ ಎಂಬ ಕುಗ್ಗಿಸುವ ಸೌಲಭ್ಯವನ್ನು ಆನ್ ಮಾಡಬೇಕು. ಬರೀ ಆನ್ ಮಾಡಿದರೆ ಎಚ್‌ಟಿಎಂಎಲ್ ಮಾತ್ರ ಕುಗ್ಗುತ್ತದೆ. ಸಿಎಸ್‌ಎಸ್, ಜಾವಾಸ್ಕ್ರಿಪ್ಟ್, ಜೆಸನ್, ಆರ್‌ಎಸ್‌ಎಸ್ ಇವುಗಳನ್ನು ಪಟ್ಟಿಯಲ್ಲಿ ಬೇರೆಯಾಗಿ ಸೇರಿಸಬೇಕು.

ಕನ್ನಡ ಫಾಂಟ್ ಕಳುಹಿಸುವುದಾದರೆ ವಾಫ್2 ಎಂಬ ಕುಗ್ಗಿಸಿದ ರೂಪದಲ್ಲಿ ಕಳುಹಿಸಿ. ಒಂದು ವರ್ಷ ಬ್ರೌಸರ್‌ನಲ್ಲೇ ಉಳಿಯುವಂತೆ ಕ್ಯಾಶ್ ಅವಧಿ ಹಾಕಿ. ಫಾಂಟನ್ನು ಕತ್ತರಿಸಿ ಚಿಕ್ಕದು ಮಾಡುವವರು ಒತ್ತಕ್ಷರಗಳ ನಿಯಮಗಳನ್ನೂ, ಅರ್ಕಾವತ್ತು ಬೇರೆ ಮಾಡಲು ಬಳಸುವ ಕಾಣದ ಜೋಡಣೆ ಸಂಕೇತಗಳನ್ನೂ ಉಳಿಸಿಕೊಳ್ಳಲೇಬೇಕು. ಕತ್ತರಿಸಿದ ಮೇಲೆ ‘ರಾಷ್ಟ್ರ’, ‘ಸೂರ್ಯ’, ‘ರ‍್ಯಾಂಕ್’ ಈ ಮೂರು ಪದ ಸರಿಯಾಗಿ ಕಾಣುತ್ತವೆಯೇ ನೋಡಿ.

ಹಂತ 5: ಮುಂದೆ ಒಂದು ಸಿಡಿಎನ್ ನಿಲ್ಲಿಸಿ

ಸಿಡಿಎನ್ ನಿಮ್ಮ ಫೈಲ್‌ನ ಪ್ರತಿಯನ್ನು ತನ್ನ ಬಳಿ ಇಟ್ಟುಕೊಂಡು ಓದುಗರಿಗೆ ತಾನೇ ಕೊಡುತ್ತದೆ. ಕ್ಲೌಡ್‌ಫ್ಲೇರ್‌ನ ಉಚಿತ ಪ್ಲಾನ್ ಸಣ್ಣ ಸೈಟಿಗೆ ಸಾಕು. ಆದರೆ ಅದು ತಾನಾಗಿ ಚಿತ್ರ, ಸಿಎಸ್‌ಎಸ್‌ನಂಥ ಫೈಲ್‌ಗಳನ್ನು ಮಾತ್ರ ಇಟ್ಟುಕೊಳ್ಳುತ್ತದೆ, ಎಚ್‌ಟಿಎಂಎಲ್ ಪುಟಗಳನ್ನಲ್ಲ. ಪುಟಗಳಿಗೂ ಬೇಕಾದರೆ ನಿಯಮ ಬರೆಯಬೇಕು. ವಿಡಿಯೊ ಮತ್ತು ದೊಡ್ಡ ಫೈಲ್‌ಗಳನ್ನು ಉಚಿತ ಸಿಡಿಎನ್ ಮೂಲಕ ಹರಿಸಲು ಅವರ ಷರತ್ತುಗಳಲ್ಲಿ ಮಿತಿ ಇದೆ. ಅವು ಆರ್2ನಲ್ಲಿ ಇರಲಿ.

ಹಂತ 6: ಸೋರಿಕೆ ಹುಡುಕಿ

ಓದುಗರೇ ಇಲ್ಲದೆ ಖರ್ಚಾಗುವ ಡೇಟಾ ಬಹಳ. ಬ್ಯಾಕಪ್ ಅದರಲ್ಲಿ ಮೊದಲನೆಯದು. ದಿನಾ ರಾತ್ರಿ 5 ಜಿಬಿಯ ಪೂರ್ತಿ ಪ್ರತಿ ಹೊರಗೆ ಕಳುಹಿಸಿದರೆ ತಿಂಗಳಿಗೆ 150 ಜಿಬಿ. ರೆಸ್ಟಿಕ್ ಅಥವಾ ಬೋರ್ಗ್ ಎಂಬ ಬ್ಯಾಕಪ್ ಪ್ರೋಗ್ರಾಂ ಬಳಸಿ, ಬದಲಾದ ಭಾಗ ಮಾತ್ರ ಹೋಗುತ್ತದೆ.

ಎರಡನೆಯದು ಬಾಟ್‌ಗಳು, ಅಂದರೆ ಸೈಟ್‌ಗಳನ್ನು ತಾವಾಗಿ ಓದುತ್ತಾ ಹೋಗುವ ಪ್ರೋಗ್ರಾಂಗಳು. ಎಐ ಕಂಪನಿಗಳ ಬಾಟ್‌ಗಳು ಈಗ ಸಣ್ಣ ಸೈಟ್‌ಗಳನ್ನೂ ಪೂರ್ತಿ ಇಳಿಸಿಕೊಳ್ಳುತ್ತವೆ. ಸರ್ವರ್ ಲಾಗ್ ತೆರೆದು ಯಾವ ಹೆಸರಿಗೆ ಎಷ್ಟು ಬೈಟ್ ಹೋಗಿದೆ ನೋಡಿ. ಬಾಟ್‌ಗಳಿಗೆ ಸೂಚನೆ ಕೊಡುವ ರೋಬೋಟ್ಸ್ ಫೈಲ್‌ನಲ್ಲಿ (robots.txt) ಆಡಿಯೊ ಫೋಲ್ಡರನ್ನು ಮುಚ್ಚಿ. ಮಾತು ಕೇಳದ ಬಾಟ್‌ಗಳಿಗೆ ಎನ್‌ಜಿನ್‌ಎಕ್ಸ್‌ನಲ್ಲೇ ವೇಗದ ಮಿತಿ ಹಾಕಿ. ನಿಮ್ಮ ಫೈಲನ್ನು ಬೇರೆ ಸೈಟ್‌ನವರು ನೇರವಾಗಿ ತಮ್ಮ ಪುಟದಲ್ಲಿ ಓಡಿಸುತ್ತಿದ್ದರೆ ಅದೂ ಲಾಗ್‌ನಲ್ಲೇ ಸಿಗುತ್ತದೆ.

ಮೂರನೆಯದು ತೆರೆದ ಪೋರ್ಟ್. ಇಲ್ಲಿ ಪೋರ್ಟ್ ಅಂದರೆ ಸರ್ವರ್‌ನ ಒಂದೊಂದು ಸೇವೆಗೆ ಇರುವ ನಂಬರಿನ ಬಾಗಿಲು. ಮೆಮ್‌ಕ್ಯಾಶ್ಡ್ (ಡೇಟಾವನ್ನು ತಾತ್ಕಾಲಿಕವಾಗಿ ಮೆಮೊರಿಯಲ್ಲಿ ಇಡುವುದು), ಡಿಎನ್‌ಎಸ್ (ಸೈಟ್ ಹೆಸರಿಗೆ ವಿಳಾಸ ಹುಡುಕುವುದು) ಸೇವೆಗಳನ್ನು ಹೊರಜಗತ್ತಿಗೆ ತೆರೆದಿಟ್ಟರೆ ಬೇರೆಯವರು ನಿಮ್ಮ ಸರ್ವರ್ ಬಳಸಿ ಮೂರನೆಯವರ ಮೇಲೆ ದಾಳಿ ಮಾಡುತ್ತಾರೆ. 2018ರ ಫೆಬ್ರುವರಿಯಲ್ಲಿ ಪ್ರೋಗ್ರಾಂ ಕೋಡ್ ಇಡುವ ಗಿಟ್‌ಹಬ್ ಸೈಟ್ ಮೇಲೆ ಸೆಕೆಂಡಿಗೆ 1.35 ಟೆರಾಬಿಟ್‌ನ ದಾಳಿ ನಡೆದದ್ದು ಇಂಥ ತೆರೆದ ಮೆಮ್‌ಕ್ಯಾಶ್ಡ್ ಸರ್ವರ್‌ಗಳಿಂದಲೇ. ಆ ಡೇಟಾದ ಬಿಲ್ ಸರ್ವರ್ ಬಾಡಿಗೆ ಪಡೆದವರಿಗೆ ಬರುತ್ತದೆ. ಫೈರ್‌ವಾಲ್‌ನಲ್ಲಿ 22 (ದೂರದಿಂದ ಲಾಗಿನ್ ಆಗಲು), 80, 443 (ವೆಬ್‌ಗೆ) ಬಿಟ್ಟು ಉಳಿದದ್ದೆಲ್ಲ ಮುಚ್ಚಿ.

ಹಂತ 7: ಮೀಟರ್ ನಿಮ್ಮ ಕೈಯಲ್ಲಿರಲಿ

ವಿಎನ್‌ಸ್ಟ್ಯಾಟ್ ಎಂಬ ಪುಟ್ಟ ಪ್ರೋಗ್ರಾಂ ಹಾಕಿಕೊಳ್ಳಿ. ದಿನಕ್ಕೆ, ತಿಂಗಳಿಗೆ ಎಷ್ಟು ಡೇಟಾ ಹೋಗಿದೆ ಎಂದು ತೋರಿಸುತ್ತದೆ. ಸರ್ವರ್‌ಗೆ ಭಾರವೂ ಆಗುವುದಿಲ್ಲ. ಕಂಪನಿಯ ಬಿಲ್ಲಿಂಗ್ ಎಚ್ಚರಿಕೆಯನ್ನೂ ಆನ್ ಮಾಡಿ, ಆದರೆ ಅದನ್ನೇ ನಂಬಿ ಕೂರಬೇಡಿ. ಅಂಥ ಮೇಲ್‌ಗಳು ಎಷ್ಟೋ ಗಂಟೆ ತಡವಾಗಿ ಬರಬಹುದು. ಬಂದರೂ ಸರ್ವರ್ ತಾನಾಗಿ ನಿಲ್ಲುವುದಿಲ್ಲ.

ಆದ್ದರಿಂದ ಮಿತಿಯನ್ನು ಸರ್ವರ್‌ನಲ್ಲೇ ಹಾಕಿ. ಲಿನಕ್ಸ್‌ನಲ್ಲಿ ಟಿಸಿ ಎಂಬ ಸೌಲಭ್ಯ ಇದೆ, ಹೊರಗೆ ಹೋಗುವ ವೇಗವನ್ನು ಅದರಿಂದ ಕಟ್ಟಬಹುದು. 3 ಎಂಬಿಪಿಎಸ್‌ಗೆ ಕಟ್ಟಿದರೆ 30 ದಿನಗಳಲ್ಲಿ ಏನೇ ಆದರೂ 972 ಜಿಬಿ ದಾಟಲು ಸಾಧ್ಯವಿಲ್ಲ. ಆದರೆ ತಿಂಗಳ ಮೊದಲ ದಿನದಿಂದಲೇ ಕಟ್ಟಿದರೆ ಜನ ಜಾಸ್ತಿ ಬಂದ ಹೊತ್ತಿನಲ್ಲಿ ಪುಟಗಳು ತೆವಳುತ್ತವೆ. ಬದಲಿಗೆ ಗಂಟೆಗೊಮ್ಮೆ ವಿಎನ್‌ಸ್ಟ್ಯಾಟ್ ನೋಡುವ ಸಣ್ಣ ಸ್ಕ್ರಿಪ್ಟ್ ಬರೆಯಿರಿ. ಕೊಟ್ಟ ಡೇಟಾದ ಶೇ 80 ಮುಗಿದ ಕೂಡಲೇ ಅದು ವೇಗವನ್ನು ಕಟ್ಟಲಿ, ಒಂದನೇ ತಾರೀಕಿಗೆ ಬಿಚ್ಚಲಿ. 1,000 ಜಿಬಿಯಲ್ಲಿ 200 ಉಳಿದು, ತಿಂಗಳಿಗೆ ಹತ್ತು ದಿನ ಬಾಕಿ ಇದ್ದರೆ 1.8 ಎಂಬಿಪಿಎಸ್ ಇಡಬಹುದು. ಅಷ್ಟರಲ್ಲೇ 32 ಕೆಬಿಪಿಎಸ್‌ನ ಪ್ರಸಂಗವನ್ನು ಐವತ್ತು ಮಂದಿ ಒಟ್ಟಿಗೆ ಕೇಳಬಹುದು.